ಕುಂಬಳಕಾಯಿ ಕಳ್ಳನ ಹೆಗಲು: 1947ರ ಲಾಸ್ ಏಂಜಲೀಸ್‌ನಲ್ಲಿ ನಾನು ಮಾಡಿದ ತಪ್ಪು ಬಂಧನ

ಇವತ್ತಿನ ಎಪಿಸೋಡ್ ಒಂದು ತಪ್ಪೊಪ್ಪಿಗೆಯಿಂದ ಶುರು. ಹೋದ ತಿಂಗಳು ನಾನೊಬ್ಬ ಮನುಷ್ಯನನ್ನು ಕೊಲೆ ಕೇಸಿನಲ್ಲಿ ಒಳಗೆ ಹಾಕಿದೆ. ಕ್ಯಾಪ್ಟನ್ ಭೇಷ್ ಅಂದ. ಸ್ಕ್ರೀನ್ ಮೇಲೆ ಸ್ಟಾರುಗಳು ಬಂದವು. ನಾನು ಖುಷಿಯಾಗಿ ಮಲಗಿದೆ. ಎರಡು ವಾರ ಆದಮೇಲೆ ಗೊತ್ತಾಯ್ತು, ಆ ಕೊಲೆ ಅವನು ಮಾಡಿರಲೇ ಇಲ್ಲ.

ಗಾಬರಿ ಬೇಡ, ಇದು ವಿಡಿಯೋ ಗೇಮಿನ ಮಾತು. ಗೇಮಿನ ಹೆಸರು ‘ಎಲ್.ಎ. ನ್ವಾರ್’. 2011ರ ಮೇ ತಿಂಗಳಲ್ಲಿ ಬಂದದ್ದು. ಮಾಡಿದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದ ಟೀಮ್ ಬಾಂಡೈ, ಹೊರತಂದದ್ದು ಜಿಟಿಎ ಖ್ಯಾತಿಯ ರಾಕ್‌ಸ್ಟಾರ್. ಕಥೆ ನಡೆಯೋದು 1947ರ ಲಾಸ್ ಏಂಜಲೀಸ್‌ನಲ್ಲಿ. ಕೋಲ್ ಫೆಲ್ಪ್ಸ್ ಅನ್ನೋ ಮಾಜಿ ಸೈನಿಕ ಎರಡನೇ ಮಹಾಯುದ್ಧ ಮುಗಿಸಿ ಬಂದು ಪೊಲೀಸ್ ಸೇರ್ತಾನೆ. ಗಸ್ತು, ಟ್ರಾಫಿಕ್, ಕೊಲೆ ವಿಭಾಗ ಅಂತ ಒಂದೊಂದೇ ಮೆಟ್ಟಿಲು ಹತ್ತುತ್ತಾನೆ. ಆ ಫೆಲ್ಪ್ಸ್ ಅಂದ್ರೆ ನಾವೇ. ಗೇಮ್ ಹಳೆಯದು ನಿಜ, ಆದರೂ ಆಡಬೇಕು ಅಂತಿದ್ದೀರಾದರೆ ಮೊದಲೇ ಹೇಳಿಬಿಡ್ತೀನಿ: ಮುಂದೆ ಗುಟ್ಟು ರಟ್ಟಾಗುತ್ತೆ.

ನನ್ನನ್ನು ಕಾಡಿದ ಪ್ರಶ್ನೆ ಇಷ್ಟೇ. ಅಷ್ಟು ಸಲೀಸಾಗಿ ತಪ್ಪು ಮನುಷ್ಯನನ್ನು ಹಿಡಿದೆನಲ್ಲ, ಅದು ಗೇಮಿನ ಚಮತ್ಕಾರವಾ, ಇಲ್ಲ ಆ ಊರಿನ ನಿಜವಾದ ಚರಿತ್ರೆಯೇ ಹಾಗಿತ್ತಾ?

ಮುಖ ನೋಡಿ ತೀರ್ಪು

ನಮ್ಮಲ್ಲಿ ಒಂದು ಗಾದೆ ಇದೆ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ಇಡೀ ಗೇಮ್ ನಿಂತಿರೋದು ಈ ಗಾದೆಯ ಮೇಲೆ. ನೀವು ಪ್ರಶ್ನೆ ಕೇಳ್ತೀರಿ, ಎದುರಿಗೆ ಕೂತವರು ಉತ್ತರ ಕೊಡ್ತಾರೆ. ಆಮೇಲೆ ಅವರ ಮುಖವನ್ನೇ ನೋಡ್ತಾ ಕೂರಬೇಕು. ಕಣ್ಣು ಪಕ್ಕಕ್ಕೆ ಹೊರಳಿತಾ? ಉಗುಳು ನುಂಗಿದರಾ? ಅದನ್ನು ನೋಡಿ ನಿಜ, ಅನುಮಾನ, ಸುಳ್ಳು ಈ ಮೂರರಲ್ಲಿ ಒಂದನ್ನು ಒತ್ತಬೇಕು. ಸುಳ್ಳು ಅಂದರೆ ಸಾಕ್ಷಿ ತೋರಿಸಬೇಕು. ಅನುಮಾನ ಅಂತ ಒತ್ತಿದರೆ ಸಾಕು, ಅಲ್ಲಿತನಕ ಮೆತ್ತಗೆ ಮಾತಾಡ್ತಿದ್ದ ಫೆಲ್ಪ್ಸ್ ಒಮ್ಮೊಮ್ಮೆ ಎದುರಿನವರ ಮೇಲೆ ಕಿರುಚಾಡಿಬಿಡ್ತಾನೆ. 2017ರ ಹೊಸ ಆವೃತ್ತಿಯಲ್ಲಿ ಈ ಮೂರು ಬಟನ್‌ಗಳ ಹೆಸರೇ ಬದಲಾಯ್ತು: ಒಳ್ಳೆ ಪೊಲೀಸ್, ಕೆಟ್ಟ ಪೊಲೀಸ್, ಆರೋಪಿಸು. ನನಗೆ ಇದೇ ಹೆಚ್ಚು ಪ್ರಾಮಾಣಿಕ ಅನ್ನಿಸ್ತು. ನಾವು ಸತ್ಯ ಹುಡುಕ್ತಿಲ್ಲ, ಒತ್ತಡ ಹಾಕ್ತಿದ್ದೀವಿ ಅಷ್ಟೇ.

ಈ ಮುಖಗಳಿಗಾಗಿ ಅವರು ಮೋಷನ್‌ಸ್ಕ್ಯಾನ್ ಅನ್ನೋ ತಂತ್ರ ಬಳಸಿದರು. ನಟರನ್ನು ಕುರ್ಚಿ ಮೇಲೆ ಕೂರಿಸಿ, ಸುತ್ತ 32 ಕ್ಯಾಮೆರಾ ಇಟ್ಟು, ಹುಬ್ಬಿನ ಅಲುಗಾಟವನ್ನೂ ಬಿಡದೆ ಸೆರೆಹಿಡಿದರು. ಆ ಕಾಲಕ್ಕೆ ಅದು ದೊಡ್ಡ ಬೆರಗು.

ಆದರೆ ಇಲ್ಲೊಂದು ಎಡವಟ್ಟಿದೆ. ಕುರ್ಚಿ ಮೇಲೆ ಕೂತ ನಟನಿಗೆ ಈ ಸಾಲು ಸುಳ್ಳು ಅಂತ ಗೊತ್ತು. ನೋಡುವವರಿಗೆ ತಿಳಿಯೋ ಹಾಗೆ ಸುಳ್ಳು ಹೇಳೋದೇ ಅವನ ಕೆಲಸ. ನಿಜ ಜೀವನದಲ್ಲಿ ಸುಳ್ಳು ಹೇಳೋರು ಯಾಕೆ ಹಾಗೆ ಮಾಡ್ತಾರೆ? ಜನ ಸುಳ್ಳನ್ನು ಎಷ್ಟು ಚೆನ್ನಾಗಿ ಗುರುತಿಸ್ತಾರೆ ಅಂತ ನೋಡಿದ ನೂರಾರು ಪ್ರಯೋಗಗಳನ್ನು ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಒಟ್ಟು ಮಾಡಿ ಲೆಕ್ಕ ಹಾಕಿದರು. ಸರಾಸರಿ ಬಂದದ್ದು 54 ಶೇಕಡಾ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ 50 ಬರುತ್ತೆ.

ನನ್ನ ಕೇಸು

ಈಗ ನಾನು ತಪ್ಪು ಮಾಡಿದ ಕೇಸಿಗೆ ಬರ್ತೀನಿ. ಗೇಮಿನಲ್ಲಿ ಅದರ ಹೆಸರು ‘ಗೋಲ್ಡನ್ ಬಟರ್‌ಫ್ಲೈ’. ಡಿಯರ್ಡ್ರಿ ಮೋಲರ್ ಅನ್ನೋ ಹೆಂಗಸಿನ ಕೊಲೆ ಆಗಿದೆ. ಮನೆಯಲ್ಲಿ ಗಂಡ ಹ್ಯೂಗೋ ಮತ್ತು ಮಗಳಿದ್ದಾರೆ. ವಿಚಾರಣೆ ಕೊನೆಗೆ ಬಂದಾಗ ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಇಬ್ಬರು ಕೂತಿರ್ತಾರೆ. ಒಬ್ಬ ಈ ಹ್ಯೂಗೋ. ಇನ್ನೊಬ್ಬ ಈಲೈ ರೂನಿ, ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಹಿನ್ನೆಲೆಯವನು. ಇಬ್ಬರ ವಿರುದ್ಧವೂ ಸಾಕ್ಷಿ ಇದೆ, ಯಾವುದೂ ಪೂರ್ತಿ ಕೂಡಿಬರೋದಿಲ್ಲ.

ನಾನು ರೂನಿಯನ್ನು ಆರಿಸಿದೆ. ಯಾಕೆ ಅಂತ ಕೇಳಿದರೆ ಸಾಕ್ಷಿ ನೋಡಿ ಅಂತ ಎದೆ ಮುಟ್ಟಿಕೊಂಡು ಹೇಳೋಕಾಗಲ್ಲ. ಅವನ ಮೇಲೆ ಅಸಹ್ಯ ಇತ್ತು. ಗಂಡನನ್ನು ಜೈಲಿಗೆ ಕಳಿಸಿದರೆ ಆ ಮಗಳ ಗತಿ ಏನು ಅನ್ನೋ ಯೋಚನೆಯೂ ಇತ್ತು. ಕ್ಯಾಪ್ಟನ್‌ಗೂ ಅದೇ ಬೇಕಿತ್ತು. ಅಂಥವನು ಬೀದಿಯಲ್ಲಿ ಇರದಿದ್ದರೇ ಒಳ್ಳೇದು ಅನ್ನೋದು ಅವನ ಲೆಕ್ಕ. ಈ ಕೊಲೆ ಮಾಡಿದ್ದಾನಾ ಇಲ್ಲವಾ ಅನ್ನೋದು ಅಲ್ಲಿ ಎರಡನೇ ಮಾತು.

ಬಟ್ಟೆಯೇ ಸಾಕ್ಷಿಯಾದಾಗ

ಇದನ್ನೆಲ್ಲ ಕಥೆ ಬರೆದವರ ಕಲ್ಪನೆ ಅಂದುಕೊಂಡಿದ್ದೆ. ಆಮೇಲೆ ಆ ಕಾಲದ ಲಾಸ್ ಏಂಜಲೀಸ್ ಬಗ್ಗೆ ಓದೋಕೆ ಶುರು ಮಾಡಿದೆ.

ಗೇಮಿನ ಕಥೆಗಿಂತ ಐದು ವರ್ಷ ಮೊದಲು, 1942ರ ಆಗಸ್ಟ್‌ನಲ್ಲಿ, ಊರಿನ ಹೊರಗೆ ‘ಸ್ಲೀಪಿ ಲಗೂನ್’ ಅಂತ ಕರೀತಿದ್ದ ನೀರಿನ ಹೊಂಡದ ಹತ್ತಿರ ಹೋಸೆ ಡಿಯಾಸ್ ಅನ್ನೋ ಯುವಕ ಮಾರಣಾಂತಿಕವಾಗಿ ಗಾಯಗೊಂಡು ಬಿದ್ದಿದ್ದ. ಅವನು ಸತ್ತ ಮೇಲೆ ಪೊಲೀಸರು ನೂರಾರು ಮೆಕ್ಸಿಕನ್ ಮೂಲದ ಹುಡುಗರನ್ನು ಹಿಡಿದು ತಂದರು. 22 ಜನರ ಮೇಲೆ ಒಟ್ಟಿಗೇ ಕೇಸು. ಆಗ ಆ ಹುಡುಗರಲ್ಲಿ ಉದ್ದನೆ ಕೋಟು, ದೊಗಲೆ ಪ್ಯಾಂಟಿನ ‘ಜೂಟ್ ಸೂಟ್’ ಫ್ಯಾಷನ್ನು, ಜೊತೆಗೆ ಅದಕ್ಕೊಪ್ಪೋ ಉದ್ದ ಕೂದಲು. ವಿಚಾರಣೆಯ ಮೊದಲ ವಾರಗಳಲ್ಲಿ ಅವರಿಗೆ ಬಟ್ಟೆ ಬದಲಿಸೋಕೆ, ಕೂದಲು ಕತ್ತರಿಸಿಕೊಳ್ಳೋಕೆ ಬಿಡಲಿಲ್ಲ. ಜ್ಯೂರಿ ಅವರನ್ನು ಹಾಗೆಯೇ ನೋಡಬೇಕಿತ್ತು. ಶೆರಿಫ್ ಕಚೇರಿಯ ಅಧಿಕಾರಿಯೊಬ್ಬ, ಕೊಲ್ಲೋ ಸ್ವಭಾವ ಇವರ ರಕ್ತದಲ್ಲೇ ಇದೆ ಅನ್ನೋ ಅರ್ಥದ ವರದಿಯನ್ನೇ ಕೊಟ್ಟ. 1943ರ ಜನವರಿಯಲ್ಲಿ 17 ಜನಕ್ಕೆ ಶಿಕ್ಷೆ ಆಯ್ತು. ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿದ್ದು 1944ರ ಅಕ್ಟೋಬರ್‌ನಲ್ಲಿ. ಅಲ್ಲಿವರೆಗೆ ಅಪರಾಧಿಗಳು ಅನ್ನಿಸಿಕೊಂಡೇ ಅವರ ದಿನ ಕಳೆದವು.

ಇನ್ನು ಗೇಮಿನಲ್ಲಿ ನಾನು ಬಹಳ ಇಷ್ಟಪಟ್ಟು ಮಾಡ್ತಿದ್ದ ಕೆಲಸ ಒಂದಿದೆ. ಕಂಡವರ ಮನೆಗೆ ಹೋಗೋದು, ಡ್ರಾಯರ್ ಎಳೆಯೋದು, ಕಾಗದ ಪತ್ರ ತಿರುವಿ ಹಾಕೋದು. ವಾರಂಟ್ ಗೀರಂಟ್ ಮಾತೇ ಅಪರೂಪ. ಕ್ಯಾಲಿಫೋರ್ನಿಯಾದ ಆಗಿನ ನಿಯಮದ ಪ್ರಕಾರ, ಪೊಲೀಸರು ಕಾನೂನು ಮೀರಿ ಸಾಕ್ಷಿ ತಂದರೂ ಕೋರ್ಟ್ ಅದನ್ನು ತಗೊಳ್ತಿತ್ತು. ಇದು ಬದಲಾದದ್ದು 1955ರಲ್ಲಿ, ಬಾಜಿ ದಂಧೆಯ ಚಾರ್ಲ್ಸ್ ಕಾಹನ್ ಎಂಬಾತನ ಕೇಸಿನಲ್ಲಿ. ಲಾಸ್ ಏಂಜಲೀಸ್ ಪೊಲೀಸರು ಗುಟ್ಟಾಗಿ ಮನೆಯೊಳಗೆ ನುಗ್ಗಿ ಮೈಕ್ರೊಫೋನ್ ಇಟ್ಟಿದ್ದರು. ಇನ್ನುಮೇಲೆ ಇಂಥ ಸಾಕ್ಷಿ ನಡೆಯಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಹಾಲಿವುಡ್ ಸಿನಿಮಾಗಳಲ್ಲಿ ನಾವು ಕೇಳಿ ಕೇಳಿ ಬಾಯಿಪಾಠ ಆಗಿರೋ ‘ಸುಮ್ಮನಿರೋ ಹಕ್ಕು ನಿನಗಿದೆ, ವಕೀಲರನ್ನು ಕರೆಸಬಹುದು’ ಅನ್ನೋ ಎಚ್ಚರಿಕೆ ಬಂದದ್ದು ಇನ್ನೂ ತಡವಾಗಿ, 1966ರ ಮಿರಾಂಡಾ ತೀರ್ಪಿನಿಂದ. 1947ರಲ್ಲಿ ಆ ಕೋಣೆಯಲ್ಲಿ ಕೂತವನಿಗೆ ಅದನ್ನು ಹೇಳಲೇಬೇಕು ಅನ್ನೋ ನಿಯಮ ಇರಲಿಲ್ಲ.

ಡೇರೆ ಹೂವಿನ ಹೆಸರಿನ ಕೇಸು

ಗೇಮಿನ ಕೊಲೆ ವಿಭಾಗದ ಎಲ್ಲ ಕೇಸುಗಳ ಹಿಂದೆ ಒಂದು ನಿಜವಾದ ಕೊಲೆಯ ನೆರಳಿದೆ. 1947ರ ಜನವರಿ 15ರ ಬೆಳಗ್ಗೆ ಲೈಮರ್ಟ್ ಪಾರ್ಕ್ ಬಡಾವಣೆಯ ಖಾಲಿ ಸೈಟೊಂದರಲ್ಲಿ 22 ವರ್ಷದ ಎಲಿಜಬೆತ್ ಶಾರ್ಟ್ ಶವ ಸಿಕ್ಕಿತು. ಮಸುಕಾದ ಬೆರಳಚ್ಚನ್ನು ತಂತಿ ಮೂಲಕ ಚಿತ್ರ ಕಳಿಸೋ ಯಂತ್ರದಲ್ಲಿ ಎಫ್‌ಬಿಐಗೆ ಕಳಿಸಿದರು. 56 ನಿಮಿಷದಲ್ಲಿ ಹೆಸರು ಸಿಕ್ಕಿತು. ಪತ್ರಿಕೆಗಳು ಅವಳನ್ನು ‘ಬ್ಲ್ಯಾಕ್ ಡಾಲಿಯಾ’ ಅಂತ ಕರೆದವು. ಡಾಲಿಯಾ ಅಂದರೆ ನಮ್ಮ ಮಲೆನಾಡಿನ ಅಂಗಳದಲ್ಲಿ ಬಿಡೋ ಡೇರೆ ಹೂವು.

ಆಮೇಲೆ ಏನಾಯ್ತು ಗೊತ್ತಾ? ನಾನೇ ಕೊಂದದ್ದು ಅಂತ ಹತ್ತಾರು ಜನ ತಾವಾಗಿಯೇ ಬಂದು ಹೇಳಿದರು. ಒಬ್ಬರದ್ದೂ ನಿಲ್ಲಲಿಲ್ಲ. ತಪ್ಪೊಪ್ಪಿಗೆ ಅನ್ನೋದು ಎಷ್ಟು ಜೊಳ್ಳಾಗಿರಬಹುದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ನನ್ನನ್ನು ಹೆಚ್ಚು ತಟ್ಟಿದ್ದು ಲೆಸ್ಲಿ ಡಿಲನ್ ಕಥೆ. ಹೋಟೆಲಿನಲ್ಲಿ ಸಾಮಾನು ಹೊರೋ ಕೆಲಸ ಮಾಡಿದ್ದ, ಬರಹಗಾರ ಆಗಬೇಕು ಅಂತ ಆಸೆ ಇದ್ದ ಯುವಕ. ಲಾಸ್ ಏಂಜಲೀಸ್ ಪೊಲೀಸರ ಮನೋವೈದ್ಯ ಡಾ. ಪಾಲ್ ಡಿ ರಿವರ್ ಬಗ್ಗೆ ಪತ್ತೇದಾರಿ ಮ್ಯಾಗಜೀನಿನಲ್ಲಿ ಓದಿ, ಕೊಲೆಗಾರ ಎಂಥವನಿರಬಹುದು ಅಂತ 1948ರಲ್ಲಿ ಅವರಿಗೆ ಪತ್ರ ಬರೆದ. ಇಷ್ಟೆಲ್ಲ ಗೊತ್ತಿರೋನು ಕೊಲೆಗಾರನೇ ಇರಬೇಕು ಅಂತ ವೈದ್ಯರಿಗೆ ಅನ್ನಿಸಿತು. ಅವನನ್ನು ಕರೆಸಿಕೊಂಡು, ಬಂಧನ ಅಂತ ದಾಖಲಿಸದೇ, ಹೋಟೆಲ್ ರೂಮುಗಳಲ್ಲಿ ಇಟ್ಟು ದಿನಗಟ್ಟಲೆ ಪ್ರಶ್ನೆ ಕೇಳಿದರು. ಕೊನೆಗೆ ಅವನು, ನನ್ನನ್ನು ಇಲ್ಲಿ ಹಿಡಿದಿಟ್ಟಿದ್ದಾರೆ, ವಕೀಲರು ಬೇಕು ಅಂತ ಪೋಸ್ಟ್‌ಕಾರ್ಡ್‌ನಲ್ಲಿ ಬರೆದು ಕಿಟಕಿಯಿಂದ ಹೊರಗೆ ಎಸೆದ. ವಿಷಯ ಹೊರಬಿತ್ತು. 1949ರಲ್ಲಿ ಆರೋಪ ಹೊರಿಸದೆ ಅವನನ್ನು ಬಿಟ್ಟರು. ಎಲಿಜಬೆತ್ ಶಾರ್ಟ್ ಕೇಸು ಇವತ್ತಿಗೂ ಬಗೆಹರಿದಿಲ್ಲ.

ಅದೇ 1949ರಲ್ಲಿ ಬ್ರೆಂಡಾ ಅಲೆನ್ ಹಗರಣ ಸಿಡಿಯಿತು. ವೇಶ್ಯಾವಾಟಿಕೆ ನಡೆಸುತ್ತಿದ್ದ ಆಕೆ ಪೊಲೀಸರಿಗೆ ದುಡ್ಡು ಕೊಡ್ತಿದ್ದೆ ಎಂದಳು, ಪೊಲೀಸ್ ಮುಖ್ಯಸ್ಥ ಕ್ಲೆಮೆನ್ಸ್ ಹೊರಲ್ ಹುದ್ದೆ ಬಿಟ್ಟರು. ಜನರ ಮುಖದಲ್ಲಿ ಸುಳ್ಳು ಹುಡುಕ್ತಿದ್ದ ಇಲಾಖೆಯ ಸ್ವಂತ ಮುಖ ಹೀಗಿತ್ತು.

ಗೇಮಿಗೆ ಇದೆಲ್ಲ ಗೊತ್ತಿದೆ. ಕೊಲೆ ವಿಭಾಗದ ಕೊನೆಯಲ್ಲಿ ನಿಜವಾದ ಹಂತಕ ಸಿಗ್ತಾನೆ. ಆ ಎಲ್ಲ ಹೆಂಗಸರನ್ನೂ ಕೊಂದದ್ದು ಅವನೊಬ್ಬನೇ. ಅಂದರೆ ಅಲ್ಲಿತನಕ ನಾನು ಹಿಡಿದ ಒಬ್ಬೊಬ್ಬನೂ ಆ ಕೊಲೆಯಲ್ಲಿ ನಿರಪರಾಧಿ. ಅವನಿಗೋ ದೊಡ್ಡ ರಾಜಕಾರಣಿಯ ನಂಟಸ್ತಿಕೆ ಇದೆ, ಹಾಗಾಗಿ ಅವನು ಸತ್ತ ಮೇಲೂ ವಿಷಯ ಅಲ್ಲೇ ಮುಚ್ಚಿಹೋಗುತ್ತೆ.

ಹಾಗಂತ ಗೇಮನ್ನು ಪೂರ್ತಿ ನಂಬಬೇಡಿ. ಒಂದು ಕೇಸಿನಲ್ಲಿ ‘ಇಂಟಾಲರೆನ್ಸ್’ ಅನ್ನೋ 1916ರ ಸಿನಿಮಾದ ಬೃಹತ್ ಸೆಟ್ ಮೇಲೆ ಓಡ್ತೀವಿ. ನಿಜವಾದ ಸೆಟ್ಟನ್ನು ಸುಮಾರು 1919ರಲ್ಲೇ ಕೆಡವಿದ್ದರು. ಒಳ್ಳೆ ಸಾಕ್ಷಿದಾರನೂ ಅಲ್ಲಲ್ಲಿ ಕಥೆ ಕಟ್ಟುತ್ತಾನೆ.

ನಮ್ಮ ಕಡೆಯ ಮಾತು

ಇದು ಅಮೆರಿಕದ ಹಳೇ ಕಥೆ, ನಮಗೇನು ಅಂತ ಕೇಳಬಹುದು. ನಮ್ಮ ಕಾನೂನು ಒಂದು ವಿಷಯದಲ್ಲಿ ಬಹಳ ಹಿಂದೆಯೇ ಎಚ್ಚರ ವಹಿಸಿತ್ತು. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. 2023ರ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಆದರೂ ಮನಸ್ಸಿನೊಳಗೆ ಇಣುಕೋ ಆಸೆ ಬಿಡಲಿಲ್ಲ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶಕ್ಕೇ ಹೆಸರಾಗಿತ್ತು. 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಯಾವುದನ್ನೂ ಮಾಡುವಂತಿಲ್ಲ ಅಂದಿತು. ಆ ಕೇಸಿನ ಹೆಸರೇ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’.

ಈಗ ನಿಮ್ಮ ಫೋನ್ ತೆಗೆದು ನೋಡಿ. ಯಾವುದೋ ಕೇಸಿನ ಆರೋಪಿಯ ವಿಡಿಯೋ, ಅದರ ಮೇಲೆ ಕೆಂಪು ವೃತ್ತ, ನೋಡಿ ಇವನ ಕಣ್ಣು, ನೋಡಿ ಇವಳ ನಗು ಅಂತ ವಿಶ್ಲೇಷಣೆ. ನಾವೂ ಬಟನ್ ಒತ್ತುತ್ತೀವಿ. ಕುಂಬಳಕಾಯಿ ಕಳ್ಳ ಅಂತ ಊರೆಲ್ಲ ತಿರುಗಿ ನೋಡಿದರೆ ಕದಿಯದವನ ಕೈಯೂ ಹೆಗಲಿಗೆ ಹೋಗುತ್ತೆ. ಅದು ಭಯ.

ಮೊನ್ನೆ ಆ ಕೇಸನ್ನು ಮತ್ತೆ ಆಡಿದೆ. ಈ ಸಲ ಗಂಡನ ಮೇಲೆ ಆರೋಪ ಹೊರಿಸಿದೆ. ಕ್ಯಾಪ್ಟನ್ ಬೈದ. ಅವನೂ ನಿರಪರಾಧಿಯೇ ಅಂತ ನನಗೆ ಮೊದಲೇ ಗೊತ್ತಿತ್ತು. ಮೂರನೇ ಸಲ ಶುರು ಮಾಡಿ ಆ ಎರಡು ಕೋಣೆಗಳ ಮುಂದೆ ಸುಮ್ಮನೆ ಓಡಾಡಿದೆ. ‘ಯಾರು ಮಾಡಿದ್ದು ಅಂತ ನನಗೆ ಗೊತ್ತಿಲ್ಲ, ಇಬ್ಬರನ್ನೂ ಮನೆಗೆ ಕಳಿಸಿ’ ಅನ್ನೋ ಬಟನ್ ಹುಡುಕಿದೆ. ಅಂಥದ್ದು ಗೇಮಿನಲ್ಲಿ ಇಲ್ಲ. ನಮ್ಮ ಕೈಯಲ್ಲಿದೆ.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗೋಣ.