ಬೇಸಿಗೆಯ ವಾರಾಂತ್ಯದಲ್ಲಿ ಹೊಸಪೇಟೆ ಮತ್ತು ತುಂಗಭದ್ರಾ ಜಲಾಶಯ ಪ್ರವಾಸ: ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡಿನ ನಾಗರಿಕರಿಗೆ ಮಾಹಿತಿ

ಪೀಠಿಕೆ

ಶಾಲಾ ರಜೆಯ ದಿನಗಳಲ್ಲಿ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಅನೇಕ ಕುಟುಂಬಗಳು ಶನಿವಾರ ಹಾಗೂ ಭಾನುವಾರ ತುಂಗಭದ್ರಾ ಜಲಾಶಯ, ಹೊಸಪೇಟೆ ಮತ್ತು ಹಂಪಿಗೆ ತೆರಳುವುದು ವಾಡಿಕೆ. ಈ ಪ್ರವಾಸವನ್ನು ಸುರಕ್ಷಿತವಾಗಿ ಹಾಗೂ ಮಿತವಾದ ಖರ್ಚಿನಲ್ಲಿ ಕೈಗೊಳ್ಳಲು ಅಗತ್ಯವಾದ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ. ಮಳೆಗಾಲದ ಚಿತ್ರಗಳಲ್ಲಿ ಕಾಣುವ ತುಂಬಿದ ಜಲಾಶಯವೇ ಬೇರೆ, ಏಪ್ರಿಲ್ ಮತ್ತು ಮೇ ತಿಂಗಳ ಜಲಾಶಯವೇ ಬೇರೆ ಎಂಬುದನ್ನು ನಾಗರಿಕರು ಮೊದಲು ಗಮನಿಸತಕ್ಕದ್ದು. ಬಿಸಿಲು ಮತ್ತು ನೀರು ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಯೋಜಿಸಿದ ಪ್ರವಾಸ ಮಾತ್ರ ಸುಖಕರವಾಗುತ್ತದೆ.

1. ಜಲಾಶಯದ ಪರಿಚಯ

ತುಂಗಭದ್ರಾ ಅಣೆಕಟ್ಟೆಗೆ 1945ರಲ್ಲಿ ಶಂಕುಸ್ಥಾಪನೆ ನೆರವೇರಿತು. ಆಗಿನ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳ ಜಂಟಿ ಯೋಜನೆಯಾಗಿ ಆರಂಭಗೊಂಡ ಈ ಕಾಮಗಾರಿ 1953ರಲ್ಲಿ ಪೂರ್ಣಗೊಂಡಿತು. ಅಣೆಕಟ್ಟೆಗೆ 33 ಕ್ರಸ್ಟ್ ಗೇಟುಗಳಿವೆ. ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಅಡಿಗಳಷ್ಟಿದ್ದ ಸಂಗ್ರಹ ಸಾಮರ್ಥ್ಯವು ಹೂಳು ತುಂಬಿದ ಕಾರಣ ಸುಮಾರು 105.8 ಟಿ.ಎಂ.ಸಿ. ಅಡಿಗಳಿಗೆ ಇಳಿದಿದೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಣಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಅಳವಡಿಸಿ ನೀರಿನ ಹರಿವನ್ನು ನಿಲ್ಲಿಸಲಾಯಿತು. ಅನಂತರ ಎಲ್ಲ 33 ಗೇಟುಗಳನ್ನು ಬದಲಾಯಿಸಲು ತೀರ್ಮಾನಿಸಲಾಯಿತು. ಇಂತಹ ಕಾಮಗಾರಿ ಮತ್ತು ಭದ್ರತೆಯ ಕಾರಣಗಳಿಂದ ಅಣೆಕಟ್ಟೆಯ ಸಮೀಪ ಪ್ರವೇಶವನ್ನು ನಿರ್ಬಂಧಿಸುವ ಸಂಭವವಿರುತ್ತದೆ. ಆದುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಸೂಕ್ತ. ಸಿಬ್ಬಂದಿ ಸೂಚಿಸಿದ ಸ್ಥಳದಿಂದಾಚೆಗೆ ಹೋಗಬಾರದು.

ಸಿರುಗುಪ್ಪ ಮತ್ತು ಕುರುಗೋಡು ಭಾಗದ ಗದ್ದೆಗಳಿಗೆ ಹರಿಯುವ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ಹಾಗೂ ಬಳ್ಳಾರಿ ಭಾಗದಲ್ಲಿ ಹಾದುಹೋಗುವ ಮೇಲ್ಮಟ್ಟದ ಕಾಲುವೆ (ಎಚ್‌ಎಲ್‌ಸಿ) ಇದೇ ಜಲಾಶಯದಿಂದ ಹೊರಡುತ್ತವೆ. ನಮ್ಮ ಊರುಗಳ ಬೆಳೆ ಮತ್ತು ಕುಡಿಯುವ ನೀರಿಗೆ ಆಧಾರವಾದ ಈ ಜಲಾಶಯವನ್ನು ಮಕ್ಕಳಿಗೆ ತೋರಿಸುವುದು ಕೇವಲ ವಿನೋದವಲ್ಲ, ಶಿಕ್ಷಣವೂ ಹೌದು.

2. ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕು

2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದ ನಂತರ ಹೊಸಪೇಟೆ, ಅಣೆಕಟ್ಟೆಯ ಬಲದಂಡೆ, ಕಮಲಾಪುರ ಮತ್ತು ಹಂಪಿ ಬಳ್ಳಾರಿ ಜಿಲ್ಲೆಯಲ್ಲಿಲ್ಲ. ಆದರೂ ಕೆಲವರು ವಸತಿ ಅಥವಾ ಅನುಮತಿಗಾಗಿ ಬಳ್ಳಾರಿಯ ಕಚೇರಿಗಳಿಗೆ ಅಲೆಯುವುದುಂಟು. ಇದನ್ನು ತಪ್ಪಿಸಲು ಕೆಳಗಿನ ಅಂಶಗಳನ್ನು ಗಮನಿಸಿರಿ.

ಅ) ಸರ್ಕಾರಿ ಪ್ರವಾಸಿ ಮಂದಿರ: ಹೊಸಪೇಟೆ ಭಾಗದ ಪ್ರವಾಸಿ ಮಂದಿರಗಳಿಗೆ ಅಲ್ಲಿನ ಸಂಬಂಧಪಟ್ಟ ಕಚೇರಿಗೇ ಅರ್ಜಿ ಸಲ್ಲಿಸತಕ್ಕದ್ದು. ಕರ್ತವ್ಯದ ಮೇಲಿರುವ ಅಧಿಕಾರಿಗಳಿಗೆ ಆದ್ಯತೆ ಇರುವುದರಿಂದ ಕೊಠಡಿ ಕೊನೆಯ ಗಳಿಗೆಯಲ್ಲಿ ರದ್ದಾಗಬಹುದು. ಪರ್ಯಾಯ ವ್ಯವಸ್ಥೆಯನ್ನು ಯೋಚಿಸಿಟ್ಟುಕೊಳ್ಳುವುದು ಒಳಿತು.

ಆ) ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ವಸತಿ: ನಿಗಮವು ಟಿ.ಬಿ. ಡ್ಯಾಂನಲ್ಲಿ ಮಯೂರ ವಿಜಯನಗರ ಹಾಗೂ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ ಎಂಬ ಹೋಟೆಲುಗಳನ್ನು ಹೊಂದಿದೆ. ಜಲಾಶಯವನ್ನೇ ಮುಖ್ಯವಾಗಿ ನೋಡುವವರಿಗೆ ಮೊದಲನೆಯದು, ಹಂಪಿಗೆ ಹೋಗುವವರಿಗೆ ಎರಡನೆಯದು ಸಮೀಪ. ಕೊಠಡಿಯನ್ನು ಮುಂಗಡವಾಗಿ ಕಾದಿರಿಸುವುದು ಲೇಸು.

ಇ) ಕಚೇರಿಯ ವೇಳೆ: ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಸರ್ಕಾರದ ಆದೇಶದ ಮೇರೆಗೆ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸಲಾಗುತ್ತದೆ. ಆಯಾ ವರ್ಷದ ಆದೇಶವನ್ನು ತಿಳಿದುಕೊಂಡು ಬೆಳಗಿನ ಹೊತ್ತಿನಲ್ಲೇ ಕಚೇರಿಗೆ ಭೇಟಿ ನೀಡಿರಿ.

ಈ) ದಾಖಲೆಗಳು: ವಸತಿಗಾಗಿ ಪ್ರತಿಯೊಬ್ಬ ವಯಸ್ಕರ ಭಾವಚಿತ್ರವಿರುವ ಗುರುತಿನ ಚೀಟಿಯ ಮೂಲ ಪ್ರತಿ ಹಾಗೂ ನೆರಳಚ್ಚು ಪ್ರತಿಯನ್ನು ಇಟ್ಟುಕೊಳ್ಳಬೇಕು.

3. ಪ್ರಯಾಣ

ಬಳ್ಳಾರಿಯಿಂದ: ಹೊಸಪೇಟೆ ಸುಮಾರು 60 ಕಿ.ಮೀ. ದೂರದಲ್ಲಿದೆ. ರಾಷ್ಟ್ರೀಯ ಹೆದ್ದಾರಿ 67ರಲ್ಲಿ ತೋರಣಗಲ್ಲು ಮಾರ್ಗವಾಗಿ ಸಾಗಬೇಕು. ಈ ದಾರಿಯಲ್ಲಿ ಲಾರಿಗಳ ಸಂಚಾರ ಹೆಚ್ಚಾಗಿರುವುದರಿಂದ ಸ್ವಂತ ವಾಹನದವರು ಎಚ್ಚರ ವಹಿಸುವುದು ಹಾಗೂ ಕತ್ತಲಾಗುವ ಮೊದಲು ಊರು ಸೇರುವುದು ಕ್ಷೇಮ. ರೈಲು ಸೌಲಭ್ಯವೂ ಉಂಟು.

ಕುರುಗೋಡಿನಿಂದ: ಕಂಪ್ಲಿ ಮಾರ್ಗವಾಗಿ ಹೊಸಪೇಟೆಗೆ ಹೋಗಬಹುದು. ಬಳ್ಳಾರಿಗೆ ಬಂದು ಹೋಗುವ ಅಗತ್ಯವಿಲ್ಲ.

ಸಿರುಗುಪ್ಪದಿಂದ: ರಾಷ್ಟ್ರೀಯ ಹೆದ್ದಾರಿ 150ಎ ಮೂಲಕ ಬಳ್ಳಾರಿಗೆ ಬಂದು, ಅಲ್ಲಿಂದ ಬಸ್ಸು ಅಥವಾ ರೈಲಿನಲ್ಲಿ ಮುಂದುವರಿಯಬಹುದು.

ಬಸ್ ಪ್ರಯಾಣದ ರಿಯಾಯಿತಿ: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುವುದು ಕಡ್ಡಾಯ. ರಾಜಹಂಸ, ಹವಾನಿಯಂತ್ರಿತ ಮುಂತಾದ ಐಷಾರಾಮಿ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

4. ಎರಡು ದಿನಗಳ ಮಾದರಿ ವೇಳಾಪಟ್ಟಿ

ಈ ಪ್ರದೇಶದಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಬೆಳಿಗ್ಗೆ 10ರ ಒಳಗೆ ಹಾಗೂ ಸಂಜೆ 4ರ ನಂತರ ಹೊರಗೆ ತಿರುಗಾಡುವುದು, ನಡುವಿನ ಅವಧಿಯನ್ನು ನೆರಳಿನಲ್ಲಿ ಕಳೆಯುವುದು ಈ ವೇಳಾಪಟ್ಟಿಯ ಮೂಲ ನಿಯಮ.

ಶನಿವಾರ ಬೆಳಿಗ್ಗೆ: 6 ಗಂಟೆಯೊಳಗೆ ಊರು ಬಿಟ್ಟು, ಹೊಸಪೇಟೆಯಲ್ಲಿ ಉಪಾಹಾರ ಮುಗಿಸಿ, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಗೆ ತೆರಳಬಹುದು. ವಿರೂಪಾಕ್ಷ ದೇವಾಲಯವನ್ನು ಮೊದಲು ನೋಡುವುದು ಸೂಕ್ತ. ಪಾದರಕ್ಷೆ ಕಳಚಿಡಬೇಕಾದ ಕಡೆ ಬಿಸಿಲೇರಿದ ಮೇಲೆ ಕಲ್ಲಿನ ಹಾಸು ಮಕ್ಕಳ ಹಾಗೂ ಹಿರಿಯರ ಕಾಲನ್ನು ಸುಡುತ್ತದೆ.

ಶನಿವಾರ ಮಧ್ಯಾಹ್ನ: ಕಮಲಾಪುರದಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಇದರ ವಾರದ ರಜೆ ಶುಕ್ರವಾರ. ಬಿಸಿಲಿನ ಹೊತ್ತನ್ನು ಇಲ್ಲಿ ಹಾಗೂ ವಸತಿಗೃಹದಲ್ಲಿ ಕಳೆಯಬಹುದು.

ಶನಿವಾರ ಸಂಜೆ: ಟಿ.ಬಿ. ಡ್ಯಾಂ ಉದ್ಯಾನ ಮತ್ತು ಜಲಾಶಯದ ನೋಟ. ನೀರಿನ ಹರವು ಕುಗ್ಗಿದ್ದರೂ ಸೂರ್ಯಾಸ್ತದ ಹೊತ್ತಿನ ಗಾಳಿ ಹಿತಕರವಾಗಿರುತ್ತದೆ.

ಭಾನುವಾರ ಬೆಳಿಗ್ಗೆ: ವಿಠ್ಠಲ ದೇವಾಲಯಕ್ಕೆ ಗೆಜ್ಜಲ ಮಂಟಪದ ಬಳಿಯಿಂದ ಬ್ಯಾಟರಿ ಚಾಲಿತ ವಾಹನಗಳ ವ್ಯವಸ್ಥೆ ಇದೆ. ಪ್ರವೇಶ ಟಿಕೆಟ್ ಜೋಪಾನವಾಗಿರಲಿ, ಕಮಲಮಹಲ್ ಇರುವ ಆವರಣಕ್ಕೂ ಅದೇ ದಿನ ಅದು ಉಪಯೋಗಕ್ಕೆ ಬರುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ.

ಹಕ್ಕಿಗಳಲ್ಲಿ ಆಸಕ್ತಿ ಉಳ್ಳವರು ಇದರ ಬದಲಿಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಹೋಗಬಹುದು. ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ.

ಭಾನುವಾರ ಸಂಜೆ: ಕಮಲಾಪುರದಿಂದ ಹತ್ತಿರವಿರುವ ದರೋಜಿ ಕರಡಿಧಾಮವು 1994ರಲ್ಲಿ ಘೋಷಿತವಾದುದು. ಬಿಸಿಲು ಇಳಿದ ಮೇಲೆ ಕರಡಿಗಳು ಬಂಡೆಗಳ ನಡುವಿನಿಂದ ಹೊರಬರುತ್ತವೆ. ವೀಕ್ಷಣಾ ಗೋಪುರದಲ್ಲಿ ಮೌನವಾಗಿರತಕ್ಕದ್ದು. ಇಲ್ಲಿಂದ ನೇರವಾಗಿ ಊರಿಗೆ ಹಿಂದಿರುಗಬಹುದು.

5. ನೀರಿನ ಬಳಿ ಪಾಲಿಸಬೇಕಾದ ಕಡ್ಡಾಯ ಎಚ್ಚರಿಕೆಗಳು

ಬೇಸಿಗೆಯಲ್ಲಿ ನೀರು ಕಡಿಮೆ ಇರುವುದರಿಂದ ಅಪಾಯವೂ ಕಡಿಮೆ ಎಂಬ ಭಾವನೆ ತಪ್ಪು. 2025ರ ಫೆಬ್ರವರಿಯಲ್ಲಿ ಸಣಾಪುರದ ಬಳಿ ಬಂಡೆಯ ಮೇಲಿಂದ ತುಂಗಭದ್ರಾ ನದಿಗೆ ಧುಮುಕಿದ ಪ್ರವಾಸಿಯೊಬ್ಬರು ನೀರುಪಾಲಾದರು. ಅದು ಮಳೆಗಾಲದ ಪ್ರವಾಹವಾಗಿರಲಿಲ್ಲ.

- ಹಿನ್ನೀರು ಸರಿದ ಜಾಗದಲ್ಲಿ ಮೇಲೆ ಒಣಗಿ ಬಿರುಕು ಬಿಟ್ಟ ನೆಲ ಕಂಡರೂ ಅಡಿಯಲ್ಲಿ ಹಸಿ ಹೂಳು ಇರುತ್ತದೆ. ಕಾಲು ಹೂತರೆ ಹೊರಬರುವುದು ಕಷ್ಟ. ವಾಹನವನ್ನಂತೂ ಇಳಿಸಲೇಬಾರದು.
- ಕಾಲುವೆಗಳಲ್ಲಿ ಈಜುವುದು, ಬಟ್ಟೆ ಒಗೆಯಲು ಅಥವಾ ಕೈಕಾಲು ತೊಳೆಯಲು ಇಳಿಯುವುದು ಬೇಡ. ಅಂಚು ಇಳಿಜಾರಾಗಿದ್ದು ಪಾಚಿಯಿಂದ ಜಾರುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಕಾಲುವೆಗೆ ನೀರು ಬಿಡುವುದುಂಟು. ಬೆಳಿಗ್ಗೆ ಬರಿದಾಗಿದ್ದ ಕಾಲುವೆ ಸಂಜೆಗೆ ತುಂಬಿ ಹರಿಯಬಹುದು.
- ನದಿಯಲ್ಲಿ ಮೊಸಳೆಗಳಿವೆ. ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಗಿದೆ. ಇಲ್ಲಿ ಕಸ ಎಸೆಯುವುದು, ಪ್ರಾಣಿಗಳನ್ನು ಬೆದರಿಸುವುದು ಸಲ್ಲದು.
- ಹರಿಗೋಲು ಏರುವವರು ಜೀವರಕ್ಷಕ ಕವಚ ಧರಿಸಬೇಕು. ಕವಚ ನೀಡದ ಹರಿಗೋಲನ್ನು ಏರಬೇಡಿರಿ.
- ಒಬ್ಬರು ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಬಾರದು. ಸೀರೆ, ಪಂಚೆ, ಹಗ್ಗ ಅಥವಾ ಉದ್ದನೆಯ ಕೋಲನ್ನು ದಡದಿಂದಲೇ ಚಾಚಿ, ನೆರವಿಗಾಗಿ ಕೂಗಬೇಕು.

6. ಬಿಸಿಲಿನಿಂದ ರಕ್ಷಣೆ

ಪ್ರತಿಯೊಬ್ಬರಿಗೂ ಸಾಕಷ್ಟು ಕುಡಿಯುವ ನೀರು, ಟೊಪ್ಪಿಗೆ ಅಥವಾ ಕೊಡೆ, ತೆಳುವಾದ ಹತ್ತಿ ಬಟ್ಟೆ ಇರಲಿ. ಮಜ್ಜಿಗೆ, ಎಳನೀರು, ಅಂಬಲಿ ಉತ್ತಮ. ಬೆಳಿಗ್ಗೆ ಕಟ್ಟಿಕೊಂಡ ಬುತ್ತಿಯ ಮೊಸರನ್ನವು ಸೆಕೆಗೆ ಬೇಗ ಹುಳಿಯುತ್ತದೆ, ಮಧ್ಯಾಹ್ನದೊಳಗೆ ಮುಗಿಸಿರಿ. ಮಂಡಾಳು, ರೊಟ್ಟಿ, ಶೇಂಗಾ ಚಟ್ನಿಪುಡಿ ಪ್ರಯಾಣಕ್ಕೆ ಸೂಕ್ತ.

ತಲೆಸುತ್ತು, ವಾಂತಿ ಅಥವಾ ಬಳಲಿಕೆ ಕಂಡುಬಂದವರನ್ನು ನೆರಳಿಗೆ ಒಯ್ದು ಓ.ಆರ್.ಎಸ್. ಕುಡಿಸಬೇಕು. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ ಹಾಗೂ ಅರ್ಧ ಚಹಾಚಮಚ ಉಪ್ಪು ಕಲಸಿ ಕೊಡಬಹುದು. ಮೈ ಅತಿಯಾಗಿ ಸುಡುತ್ತ ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ, ತಡಮಾಡದೆ 108 ಆಂಬುಲೆನ್ಸ್ ಕರೆಸಬೇಕು. ನಿಲ್ಲಿಸಿದ ವಾಹನದೊಳಗೆ ಮಕ್ಕಳನ್ನು ಬಿಡಬಾರದು.

7. ದೂರ ಹೋಗಲಾರದವರಿಗೆ

ವೃದ್ಧರು ಅಥವಾ ಎಳೆಯ ಮಕ್ಕಳಿರುವ ಕುಟುಂಬಗಳು ಊರ ಸಮೀಪದಲ್ಲೇ ಒಂದು ಬೆಳಗಿನ ಪ್ರವಾಸ ಕೈಗೊಳ್ಳಬಹುದು. ಬಳ್ಳಾರಿ ನಗರದಲ್ಲಿ ಗುಡ್ಡದ ಮೇಲಿನ ಕೋಟೆಯನ್ನು ಗಟ್ಟಿಮುಟ್ಟಾದವರು ಬೆಳಗಿನ ತಂಪಿನಲ್ಲೇ ಹತ್ತಿ ಇಳಿಯಬೇಕು. ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದ ಬೃಹತ್ ಏಕಶಿಲಾ ನಂದಿ ಹಾಗೂ ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಕೆಂಚನಗುಡ್ಡ ಸಹ ನೋಡತಕ್ಕ ಸ್ಥಳಗಳು. ಕೆಂಚನಗುಡ್ಡದಲ್ಲಿಯೂ ನದಿಗೆ ಇಳಿಯುವ ಬಗ್ಗೆ ಮೇಲಿನ ಎಚ್ಚರಿಕೆಗಳು ಅನ್ವಯಿಸುತ್ತವೆ.

8. ಹೊರಡುವ ಮುನ್ನ ಪರಿಶೀಲಿಸಿರಿ

1) ಜಲಾಶಯದ ಅಂದಿನ ನೀರಿನ ಮಟ್ಟ ಹಾಗೂ ಅಣೆಕಟ್ಟೆಯ ಪ್ರವೇಶ.
2) ವಸತಿ ಕಾದಿರಿಸಿದ ಪತ್ರ.
3) ಗುರುತಿನ ಚೀಟಿಗಳು.
4) ನಿತ್ಯ ಸೇವಿಸುವ ಔಷಧಿ, ಓ.ಆರ್.ಎಸ್. ಪೊಟ್ಟಣ.
5) ಹಿಂದಿರುಗುವ ಕೊನೆಯ ಬಸ್ಸು ಅಥವಾ ರೈಲಿನ ವೇಳೆ.
6) ತುರ್ತು ದೂರವಾಣಿ: ಪೊಲೀಸ್ ಹಾಗೂ ಇತರ ತುರ್ತು ನೆರವು 112, ಆಂಬುಲೆನ್ಸ್ 108.

ಶುಲ್ಕ ಮತ್ತು ಭೇಟಿಯ ವೇಳೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ನಾಗರಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಂಡು, ಹೋದ ಎಲ್ಲರೂ ಕ್ಷೇಮವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳಲು ಕೋರಲಾಗಿದೆ.