ಮುಗಿಯೋ ಕರಾರಿಗೆ ಯಾಕ ಇಷ್ಟ ಬೆಲೆ? ಕೀತ್ ವ್ಯಾನ್ ಹಾರ್ನ್‌ನಿಂದ ಕ್ಯಾಮರಾನ್ ಗ್ರೀನ್‌ವರೆಗೆ

ಇವತ್ತಿನ ಕಂತಿನಲ್ಲಿ ಆಟದ ಇತಿಹಾಸ ಐತಿ, ಆದ್ರ ಸಿಕ್ಸರ್, ಶತಕದ ಇತಿಹಾಸ ಅಲ್ಲ. ಕಾಗದದ ಇತಿಹಾಸ. ಆಟಗಾರನ ಕರಾರು, ಅದರ ಕೊನೆಯ ತಾರೀಖು, ಆ ತಾರೀಖಿನ ಮೇಲೆ ನಡೆದ ವ್ಯಾಪಾರ.

2008ರ ಫೆಬ್ರುವರಿ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಡಲ್ಲಾಸ್ ತಂಡ ಕೀತ್ ವ್ಯಾನ್ ಹಾರ್ನ್ ಎಂಬ ಆಟಗಾರನ ಜೊತೆ ಕರಾರು ಮಾಡಿಕೊಂಡಿತು. ಆ ವರ್ಷಕ್ಕೆ ಸುಮಾರು 43 ಲಕ್ಷ ಡಾಲರ್. ಮುಂದಿನ ವರ್ಷಗಳಿಗೆ ಖಾತ್ರಿ ಇಲ್ಲ. ವ್ಯಾನ್ ಹಾರ್ನ್ 2006ರ ನಂತರ ಒಂದು ಪಂದ್ಯವನ್ನೂ ಆಡಿರಲಿಲ್ಲ. ಸಹಿ ಹಾಕಿದ ಮೇಲೂ ಆಡಲಿಲ್ಲ. ಸಹಿ ಆದ ಕೂಡಲೇ ಅವನನ್ನು ನ್ಯೂಜೆರ್ಸಿ ತಂಡಕ್ಕೆ ಕೊಟ್ಟುಬಿಟ್ಟರು. ಅಲ್ಲೂ ಆಡಲಿಲ್ಲ. ಆದರೂ ಅವನಿಲ್ಲದಿದ್ದರೆ ಆ ವ್ಯವಹಾರ ಕುದುರುತ್ತಿರಲಿಲ್ಲ, ಜೇಸನ್ ಕಿಡ್‌ನಂಥ ದೊಡ್ಡ ಆಟಗಾರ ಡಲ್ಲಾಸಿಗೆ ಬರುತ್ತಿರಲಿಲ್ಲ.

ಇದೆಂಥಾ ಹುಚ್ಚಾಟ ಅನಸ್ತದ ಅಲ್ಲ? ಹುಚ್ಚಾಟ ಅಲ್ಲ, ನಿಯಮದ ಆಟ. 1984-85ರಿಂದ ಎನ್‌ಬಿಎದಲ್ಲಿ ಸಂಬಳಕ್ಕೆ ಮಿತಿ ಬಂತು. ಮೊದಲ ವರ್ಷ ಒಂದು ತಂಡಕ್ಕೆ 36 ಲಕ್ಷ ಡಾಲರ್. ಆದರೆ ಅದು ಗಟ್ಟಿ ಗೋಡೆ ಅಲ್ಲ. ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಮಿತಿ ದಾಟಬಹುದಿತ್ತು. ಹಾಗಾಗಿ ಬಹಳಷ್ಟು ತಂಡಗಳು ಮಿತಿಯ ಮೇಲೆಯೇ ಇರುತ್ತಿದ್ದವು. ಮಿತಿ ದಾಟಿದ ತಂಡ ಇನ್ನೊಂದು ತಂಡದಿಂದ ಆಟಗಾರನನ್ನು ತರಬೇಕಾದರೆ ಹೆಚ್ಚುಕಡಿಮೆ ಅಷ್ಟೇ ಸಂಬಳದ ಆಟಗಾರರನ್ನು ಕೊಡಬೇಕು. ವ್ಯಾನ್ ಹಾರ್ನ್ ಕಾಲದಲ್ಲಿ ಲೆಕ್ಕ ಹೀಗಿತ್ತು: ಕಳಿಸುವ ಸಂಬಳದ ಶೇ 125, ಮೇಲೆ 1 ಲಕ್ಷ ಡಾಲರ್. ಅದಕ್ಕಿಂತ ಹೆಚ್ಚು ತರುವಂತಿಲ್ಲ. ತಕ್ಕಡಿಯಲ್ಲಿ ಡಲ್ಲಾಸಿನ ಕಡೆ ತೂಕ ಕಡಿಮೆ ಬಿದ್ದಿತ್ತು. ವ್ಯಾನ್ ಹಾರ್ನ್ ಆ ತೂಕದ ಕಲ್ಲು.

ತೂಕಕ್ಕೆ ಯಾರಾದರೂ ಆದೀತು. ಆದರೆ ಎಲ್ಲರಿಗೂ ಬೇಕಾಗಿದ್ದದ್ದು ಕರಾರು ಮುಗಿಯಲು ಬಂದವನೇ. ಯಾಕೆ?

ಅಥಣಿ ಬಸ್ ಸ್ಟ್ಯಾಂಡ್ ಹತ್ತಿರ ನೀವೊಂದು ಅಂಗಡಿ ಬಾಡಿಗೆ ಹಿಡದೀರಿ ಅಂತ ತಿಳ್ಕೊರಿ. ಬಾಡಿಗೆ ಜಾಸ್ತಿ, ವ್ಯಾಪಾರ ಇಲ್ಲ, ಕರಾರು ಇನ್ನೂ ನಾಲ್ಕು ವರ್ಷ ಐತಿ. ಬಾಜೂಕಿನವನ ಅಂಗಡಿಗೂ ಅಷ್ಟೇ ಬಾಡಿಗೆ, ಆದ್ರ ಅವನ ಕರಾರು ಬರೋ ಮಾರ್ಚಿಗೆ ಮುಗಿತದ. ನೀವು ಅವನಿಗೆ ‘ಅದಲಿ ಬದಲಿ ಮಾಡ್ಕೊಳೋಣೇನಪಾ’ ಅಂತೀರಿ. ನಿಮಗೆ ಬೇಕಾಗಿದ್ದು ಅವನ ಅಂಗಡಿ ಅಲ್ಲ. ಮಾರ್ಚ್ ತಿಂಗಳು.

ಎನ್‌ಬಿಎದಲ್ಲೂ ಇಷ್ಟೇ. ಆಗಿನ ಕರಾರುಗಳು ಐದು, ಆರು ವರ್ಷದವು. 1999ರ ಒಪ್ಪಂದದಲ್ಲಿ ಏಳು ವರ್ಷದವರೆಗೂ ಇತ್ತು. ಆಟಗಾರನ ಮೊಣಕಾಲು ಹೋದರೂ ದುಡ್ಡು ಕೊಡಲೇಬೇಕು. ಅಂಥ ಭಾರ ಹೊತ್ತ ತಂಡಕ್ಕೆ ಮುಗಿಯಲು ಬಂದ ಕರಾರು ಅಂದರೆ ಬಿಡುಗಡೆ ಪತ್ರ. ಅದಕ್ಕಾಗಿ ಒಳ್ಳೆಯ ಆಟಗಾರನನ್ನೂ ಕೊಟ್ಟುಬಿಡುತ್ತಿದ್ದರು.

ಎಲ್ಲರೂ ನೆನಪಿಡುವ ಉದಾಹರಣೆ ಅದೇ ತಿಂಗಳಿನದು. 2008ರ ಫೆಬ್ರುವರಿ 1ರಂದು ಮೆಂಫಿಸ್ ತಂಡ ಪಾವ್ ಗಸೋಲ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟಿತು. ಬದಲಿಗೆ ಬಂದವರಲ್ಲಿ ದೊಡ್ಡ ಸಂಬಳ ಕ್ವಾಮೆ ಬ್ರೌನ್‌ನದು, ಸುಮಾರು 90 ಲಕ್ಷ ಡಾಲರ್, ಅದೇ ವರ್ಷ ಮುಗಿಯುವಂಥದ್ದು. 2001ರ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾಗಿದ್ದ ಹುಡುಗ ಏಳೇ ವರ್ಷದಲ್ಲಿ ಒಂದು ಕೊನೆಯ ತಾರೀಖು ಆಗಿಹೋಗಿದ್ದ. ಲೇಕರ್ಸ್ 2009, 2010 ಎರಡೂ ವರ್ಷ ಚಾಂಪಿಯನ್. ಮೆಂಫಿಸ್‌ನವರನ್ನು ಜನ ಬೈದರು. ಆದರೆ ಆ ಗಂಟಿನೊಳಗೆ ಪಾವ್‌ನ ತಮ್ಮ ಮಾರ್ಕ್ ಗಸೋಲ್‌ನ ಹಕ್ಕೂ ಇತ್ತು. ಅವನು ಮುಂದೆ 2013ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನಾದ. ಬೈದವರು ಸ್ವಲ್ಪ ಅವಸರ ಮಾಡಿದ್ರು ಅಂತ ನನಗನಸ್ತದ.

ಎಲ್ಲಾ ಸಲ ಹಿಂಗ ಕೂಡಿ ಬರ್ತಿದ್ದಿಲ್ಲ. 2008-09ರಲ್ಲಿ ಪೋರ್ಟ್‌ಲ್ಯಾಂಡ್ ತಂಡದ ಕೈಯಲ್ಲಿ ರೇಫ್ ಲಾಫ್ರೆಂಟ್ಸ್‌ನ ಕರಾರಿತ್ತು. ಸುಮಾರು 1.27 ಕೋಟಿ ಡಾಲರ್, ಆ ವರ್ಷ ಮುಗಿಯುವಂಥದ್ದು. ಗಾಯಗೊಂಡ ಲಾಫ್ರೆಂಟ್ಸ್ ಒಂದು ಪಂದ್ಯವನ್ನೂ ಆಡಲಿಲ್ಲ. ಅಭಿಮಾನಿಗಳು ಅವನ ಕರಾರಿಗೇ ‘ಆರ್‌ಎಲ್‌ಇಸಿ’ ಅಂತ ಅಡ್ಡಹೆಸರು ಇಟ್ಟು, ಇದನ್ನು ಕೊಟ್ಟು ಯಾವ ದೊಡ್ಡ ಆಟಗಾರನನ್ನು ತರುತ್ತಾರೆ ಎಂದು ಕಾದರು. ಯಾರೂ ಬರಲಿಲ್ಲ. ವ್ಯಾಲಿಡಿಟಿ ಮುಗಿದ ರಿಚಾರ್ಜ್ ಆತು.

ಆಟಗಾರನನ್ನು ಯಾರು ಕೇಳ್ತಾರ? ಸಾಮಾನ್ಯವಾಗಿ ಯಾರೂ ಇಲ್ಲ. ಕಿಡ್ ವ್ಯವಹಾರದಲ್ಲೇ ಒಂದು ಅಪವಾದ ಐತಿ. ಮೊದಲ ಪಟ್ಟಿಯಲ್ಲಿ ವ್ಯಾನ್ ಹಾರ್ನ್ ಇರಲೇ ಇಲ್ಲ, ಡೆವೀನ್ ಜಾರ್ಜ್ ಇದ್ದ. ಒಂದು ವರ್ಷದ ಕರಾರಿನಲ್ಲಿದ್ದ ಅವನನ್ನು ಒಪ್ಪಿಗೆ ಇಲ್ಲದೆ ಕಳಿಸುವಂತಿರಲಿಲ್ಲ. ಹೋದರೆ ಮುಂದಿನ ಕರಾರಿಗೆ ಸಂಬಂಧಿಸಿದ ಒಂದು ಹಕ್ಕು ಅವನ ಕೈತಪ್ಪುತ್ತಿತ್ತು. ಜಾರ್ಜ್ ಒಲ್ಲೆ ಅಂದ. ಎರಡು ದೊಡ್ಡ ತಂಡಗಳ ಮಾತುಕತೆ ನಿಂತುಹೋಯಿತು. ಆಗಲೇ ವ್ಯಾನ್ ಹಾರ್ನ್‌ನನ್ನು ಹುಡುಕಿದ್ದು.

2011ರ ಹೊಸ ಒಪ್ಪಂದದಲ್ಲಿ ಕರಾರಿನ ಗರಿಷ್ಠ ಅವಧಿ ಸ್ವಂತ ತಂಡಕ್ಕೆ ಐದು, ಬೇರೆ ತಂಡಕ್ಕೆ ನಾಲ್ಕು ವರ್ಷಕ್ಕೆ ಇಳಿಯಿತು. ಕರಾರುಗಳು ಗಿಡ್ಡ ಆದಂತೆ ಮುಗಿಯುವ ಕರಾರಿನ ಬೆಲೆಯೂ ಇಳಿಯಿತು.

ಈಗ ನಮ್ಮ ಕಡೆ ಬರೋಣ. ಆಟಗಾರರ ಕರಾರು ಕೈಬದಲು ಆಗೋದು ನಮ್ಮ ಮಂದಿ ಕಣ್ಣಾರೆ ನೋಡಿದ್ದು ಐಪಿಎಲ್‌ನಲ್ಲಿ. ಗಡಿ ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಒಂದೇ ಓಣಿಯಲ್ಲಿ ಆರ್‌ಸಿಬಿಯವರೂ ಇರ್ತಾರ, ಮುಂಬೈ ಇಂಡಿಯನ್ಸ್‌ನವರೂ ಇರ್ತಾರ. ಐಪಿಎಲ್‌ನ ಮೊದಲ ಅದಲು ಬದಲುಗಳಲ್ಲಿ ಒಂದು ಈ ಎರಡು ತಂಡಗಳ ನಡುವೆಯೇ ಆಯಿತು. 2008ರ ಹರಾಜಿನಲ್ಲಿ ಮುಂಬೈ ನಮ್ಮ ಕೊಡಗಿನ ರಾಬಿನ್ ಉತ್ತಪ್ಪನಿಗೆ 8 ಲಕ್ಷ ಡಾಲರ್ ಕೊಟ್ಟಿತ್ತು, ಬೆಂಗಳೂರು ಜಹೀರ್ ಖಾನ್‌ಗೆ 4.5 ಲಕ್ಷ ಡಾಲರ್. 2009ರ ಸೀಸನ್ನಿಗೆ ಮುಂಚೆ ಇಬ್ಬರೂ ತಂಡ ಬದಲಿಸಿದರು. ಕನ್ನಡದ ಹುಡುಗ ಬೆಂಗಳೂರಿಗೆ, ಮಹಾರಾಷ್ಟ್ರದವ ಮುಂಬೈಗೆ.

ಸಂಬಳ ನೋಡ್ರಿ, ಒಂದಕ್ಕೊಂದು ಹೊಂದಾಣಿಕೆ ಇಲ್ಲ. ಐಪಿಎಲ್‌ನಲ್ಲಿ ತೂಕದ ಕಲ್ಲಿನ ನಿಯಮವೇ ಇಲ್ಲ. ಒಟ್ಟು ಪರ್ಸ್‌ನೊಳಗೆ ಇದ್ದರೆ ಸಾಕು. 2019ರ ಕೊನೆಗೆ ಪಂಜಾಬ್ ತಂಡ 7.6 ಕೋಟಿಯ ಆರ್. ಅಶ್ವಿನ್‌ನನ್ನು ಡೆಲ್ಲಿಗೆ ಕೊಟ್ಟು, ಕರ್ನಾಟಕದ ಜೆ. ಸುಚಿತ್‌ನನ್ನು ಪಡೆಯಿತು. ಸುಚಿತ್‌ನ ಬೆಲೆ 20 ಲಕ್ಷ. ಅದರ ಮೇಲೆ 1.5 ಕೋಟಿ ನಗದು. ಎನ್‌ಬಿಎ ತಕ್ಕಡಿಯಲ್ಲಿ ಇದು ನಿಲ್ಲುವ ಮಾತೇ ಅಲ್ಲ.

ಇನ್ನೊಂದು ವ್ಯತ್ಯಾಸ ಇನ್ನೂ ದೊಡ್ಡದು. ಎನ್‌ಬಿಎದಲ್ಲಿ ಒಬ್ಬೊಬ್ಬರ ಕರಾರು ಒಂದೊಂದು ವರ್ಷ ಮುಗಿಯುತ್ತದೆ. ಐಪಿಎಲ್‌ನಲ್ಲಿ ಮೆಗಾ ಹರಾಜು ಬಂದರೆ ಬಹುತೇಕ ಎಲ್ಲರದೂ ಒಟ್ಟಿಗೇ. 2010ರ ಸೀಸನ್ ಮುಗಿದಾಗ ಹಂಗ ಆತು. ಆರ್‌ಸಿಬಿ ಉಳಿಸಿಕೊಂಡದ್ದು ವಿರಾಟ್ ಕೊಹ್ಲಿ ಒಬ್ಬನನ್ನೇ. 2011ರ ಜನವರಿಯಲ್ಲಿ, ಬೆಂಗಳೂರಿನಲ್ಲೇ ನಡೆದ ಹರಾಜಿನಲ್ಲಿ, ರಾಹುಲ್ ದ್ರಾವಿಡ್ 5 ಲಕ್ಷ ಡಾಲರಿಗೆ ರಾಜಸ್ಥಾನಕ್ಕೆ ಹೋದರು. ಉತ್ತಪ್ಪ 21 ಲಕ್ಷ ಡಾಲರಿಗೆ ಪುಣೆಗೆ. ಜಹೀರ್ ಮತ್ತೆ ಆರ್‌ಸಿಬಿಗೆ, 9 ಲಕ್ಷ ಡಾಲರ್, ಹೋದಾಗಿನ ಎರಡು ಪಟ್ಟು.

ಎಲ್ಲರ ಕರಾರೂ ಒಂದೇ ದಿನ ಮುಗಿದರೆ ‘ಮುಗಿಯೋ ಕರಾರು’ ಅನ್ನೋದಕ್ಕೆ ವಿಶೇಷ ಬೆಲೆ ಎಲ್ಲಿಂದ ಬರಬೇಕು? ಬಸ್ ಸ್ಟ್ಯಾಂಡಿನ ಎಲ್ಲಾ ಅಂಗಡಿಗಳೂ ಮಾರ್ಚಿಗೇ ಖಾಲಿ ಅಂದ್ರ ಅದಲು ಬದಲು ಯಾಕ ಬೇಕು?

ಹಂಗಂತ ಕೊನೆಯ ತಾರೀಖಿಗೆ ಇಲ್ಲಿ ಅರ್ಥವೇ ಇಲ್ಲ ಅಂತಲ್ಲ. ಅದರ ಬಿಸಿ ತಟ್ಟಿದ್ದು ಸಣ್ಣ ಹುಡುಗರಿಗೆ. 19ರೊಳಗಿನವರ ತಂಡದಿಂದ ರಾಜಸ್ಥಾನ ಸೇರಿದ್ದ ರವೀಂದ್ರ ಜಡೇಜಾ, ಕರಾರು ನವೀಕರಿಸದೆ ಮುಂಬೈ ಜೊತೆ ಮಾತಾಡಿದ ಕಾರಣಕ್ಕೆ 2010ರ ಇಡೀ ಸೀಸನ್ ಹೊರಗೆ ಕುಳಿತ. ಮರುವರ್ಷ ನಮ್ಮ ಮನೀಶ್ ಪಾಂಡೆ ಸರದಿ. 2009ರ ಮೇ 21ರಂದು ಆರ್‌ಸಿಬಿ ಪರ ಅಜೇಯ 114 ಹೊಡೆದು, ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯನಾಗಿದ್ದ ಹುಡುಗ. ಆದರೆ ಭಾರತ ತಂಡಕ್ಕೆ ಆಡದವರು 2011ರ ಹರಾಜಿನ ಪಟ್ಟಿಯಲ್ಲೇ ಇರಲಿಲ್ಲ. ಅವರಿಗೆ 10, 20, 30 ಲಕ್ಷ ರೂಪಾಯಿಯ ನಿಗದಿತ ದರ. ಪುಣೆ ಸೇರಿದ ಪಾಂಡೆಗೆ, ಆ ನಿಯಮಗಳನ್ನು ಮುರಿದ ಆರೋಪದ ಮೇಲೆ, ನಾಲ್ಕು ಪಂದ್ಯಗಳ ಅಮಾನತು. ಉತ್ತಪ್ಪನಿಗೆ 21 ಲಕ್ಷ ಡಾಲರ್ ಕೊಟ್ಟ ತಂಡದ ಡ್ರೆಸ್ಸಿಂಗ್ ರೂಮಿನಲ್ಲೇ, ರೂಪಾಯಿ ಲಕ್ಷದ ದರಕ್ಕೆ ಕಟ್ಟುಬಿದ್ದ ಶತಕವೀರ. ನಿಯಮ ನಿಯಮವೇ, ಒಪ್ಪಿದೆ. ಆದ್ರ ಕರಾರು ಮುಗಿದ ಮೇಲೂ ತನ್ನ ಬೆಲೆ ತಾನು ಕೇಳೋ ಹಂಗಿಲ್ಲ ಅಂದ್ರ ಅದನ್ನ ಮಾರುಕಟ್ಟಿ ಅಂತ ಹೆಂಗ ಕರಿಯೋದು?

ಎನ್‌ಬಿಎ ಲೆಕ್ಕಕ್ಕೆ ತೀರಾ ಹತ್ತಿರ ಬಂದದ್ದು 2023ರ ನವೆಂಬರ್. ಮುಂಬೈಗೆ ಗುಜರಾತ್‌ನಿಂದ ಹಾರ್ದಿಕ್ ಪಾಂಡ್ಯ ವಾಪಸ್ ಬೇಕಿತ್ತು. ಬೆಲೆ 15 ಕೋಟಿ. ಪರ್ಸ್‌ನಲ್ಲಿ ಜಾಗ ಇಲ್ಲ. ಹಿಂದಿನ ವರ್ಷವಷ್ಟೇ 17.5 ಕೋಟಿಗೆ ಕೊಂಡಿದ್ದ ಆಸ್ಟ್ರೇಲಿಯಾದ ಕ್ಯಾಮರಾನ್ ಗ್ರೀನ್‌ನನ್ನು ಆರ್‌ಸಿಬಿಗೆ ದಾಟಿಸಿದರು. ಬದಲಿಗೆ ಆಟಗಾರ ಯಾರೂ ಇಲ್ಲ, ಪೂರ್ತಿ ನಗದು. ಆರ್‌ಸಿಬಿ ತನ್ನ ಕಡೆ ಹರ್ಷಲ್ ಪಟೇಲ್, ಹಸರಂಗ, ಹೇಜಲ್‌ವುಡ್ ಮೂವರನ್ನೂ ಬಿಟ್ಟು ಜಾಗ ಮಾಡಿಕೊಂಡಿತು. ಮುಂಬೈಗೆ ಆ ದಿನ ಗ್ರೀನ್ ಅಂದರೆ ಬ್ಯಾಟಿಂಗೂ ಅಲ್ಲ, ಬೌಲಿಂಗೂ ಅಲ್ಲ. 17.5 ಕೋಟಿಯ ಖಾಲಿ ಜಾಗ. ವ್ಯಾನ್ ಹಾರ್ನ್ ನೆನಪಾದ್ನಲ್ಲ?

ಇಲ್ಲಿ ಕೊನೆಯ ತಾರೀಖಿನ ಪೆಟ್ಟು ಬಿದ್ದದ್ದು ಕೊಂಡವರಿಗೆ. ಆ ಸುತ್ತಿನ ಕರಾರುಗಳೆಲ್ಲ 2024ಕ್ಕೇ ಮುಗಿಯುತ್ತಿದ್ದವು. ಅಷ್ಟು ದುಡ್ಡಿಗೆ ಆರ್‌ಸಿಬಿಗೆ ಸಿಕ್ಕಿದ್ದು ಒಂದೇ ಸೀಸನ್ನಿನ ಗ್ರೀನ್. ಮುಂದಿನ ಮೆಗಾ ಹರಾಜಿನ ಹೊತ್ತಿಗೆ ಅವನಿಗೆ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿತ್ತು, ಪಟ್ಟಿಯಲ್ಲೇ ಇರಲಿಲ್ಲ.

ಆಟಗಾರನ ಒಪ್ಪಿಗೆ ವಿಷಯದಲ್ಲಿ ಮಾತ್ರ ಐಪಿಎಲ್ ಒಂದು ಕೈ ಮೇಲು. ಇಲ್ಲಿ ಅವನು ಹೂಂ ಅನ್ನದೆ ವರ್ಗಾವಣೆ ಆಗುವುದಿಲ್ಲ. ಡೆವೀನ್ ಜಾರ್ಜ್‌ಗೆ ಅಪರೂಪಕ್ಕೆ ಸಿಕ್ಕ ಹಕ್ಕು ಇಲ್ಲಿ ಎಲ್ಲರಿಗೂ ಕಾಗದದ ಮೇಲೆ ಐತಿ. 2025ರ ನವೆಂಬರಿನಲ್ಲಿ ಅದೇ ಜಡೇಜಾ ಚೆನ್ನೈನಿಂದ ರಾಜಸ್ಥಾನಕ್ಕೆ ಮರಳಿದ. ಜೊತೆಗೆ ಸ್ಯಾಮ್ ಕರನ್, ಆ ಕಡೆಯಿಂದ ಸಂಜು ಸ್ಯಾಮ್ಸನ್. 18 ಕೋಟಿ ಇದ್ದ ಜಡೇಜಾನ ಕರಾರು ಈ ಸಲ 14 ಕೋಟಿಗೆ ಇಳಿಯಿತು, ಅವನ ಸಹಿಯೊಂದಿಗೇ.

ಈಗಿನ ಸುತ್ತಿನ ಕರಾರುಗಳು 2027ರ ಸೀಸನ್ನಿಗೆ ಮುಗಿತಾವ. ಅಲ್ಲೀತನಕ ಪ್ರತಿ ನವೆಂಬರಿಗೆ ‘ಪೂರ್ತಿ ನಗದು ವ್ಯವಹಾರ’ ಅನ್ನೋ ಸುದ್ದಿ ಮೊಬೈಲಿಗೆ ಬಂದ್ರ, ಯಾರು ಬಂದ್ರು ಅನ್ನೋದಕ್ಕಿಂತ ಮೊದಲು ಯಾರ ಪರ್ಸ್‌ನಲ್ಲಿ ಎಷ್ಟು ಜಾಗ ಆತು ಅಂತ ನೋಡ್ರಿ. ಮುಂದಿನ ವಾರ ಸಿಗೋಣ.