ಪಾದಗಳ ದೀರ್ಘಕಾಲದ ನರನೋವು: ಬಸವಕಲ್ಯಾಣ–ಹುಮನಾಬಾದ್ ಸೀಮೆ

ಪಾದಗಳ ನರನೋವು ಎಂದರೆ ಗಾಯ, ಬಾವು, ಉಳುಕು ಯಾವುದೂ ಇಲ್ಲದಿದ್ದರೂ ಕಾಲಿನ ಸಂವೇದನಾ ನರಗಳು ಹಾಳಾಗಿ ಹುಟ್ಟುವ ಉರಿ, ಚುಚ್ಚು ಮತ್ತು ಜೋಮು. ಮೂರು ತಿಂಗಳು ಮೀರಿ ಉಳಿದರೆ ಅದನ್ನು ದೀರ್ಘಕಾಲದ ನೋವೆಂದು ಎಣಿಸುತ್ತಾರೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ದವಾಖಾನೆಗಳಲ್ಲಿ ಈ ದೂರು ‘ಅಂಗಾಲು ಉರಿತಾವ’, ‘ಇರಿವಿ ಹರದಂಗ ಆಗ್ತದ’ ಎಂಬ ಮಾತಿನಲ್ಲಿ ಕೇಳಿಸುತ್ತದೆ. ಹಗಲಿನ ಕೆಲಸದಲ್ಲಿ ಮರೆತುಹೋದ ನೋವು ರಾತ್ರಿ ಹಾಸಿಗೆಗೆ ಬಂದೊಡನೆ ಏರುತ್ತದೆ. ಹೊದ್ದ ಚಾದರ ತಗುಲಿದರೂ ತಾಳಲಾರದೆ ಪಾದಗಳನ್ನು ಹೊರಗಿಟ್ಟು ಮಲಗುವವರು, ನಡುರಾತ್ರಿ ಎದ್ದು ತಣ್ಣನೆಯ ಶಹಾಬಾದ್ ಫರಸಿಯ ಮೇಲೆ ಅಂಗಾಲೂರಿ ಕೂರುವವರು ಇದ್ದಾರೆ.

ನೋವು ಪಾದದಲ್ಲೇ ಮೊದಲು ಕಾಣಿಸಿಕೊಳ್ಳಲು ಕಾರಣ ನರದ ಉದ್ದ. ಕಾಲ್ಬೆರಳಿನ ಸ್ಪರ್ಶವನ್ನು ಒಯ್ಯುವ ನರಕೋಶದ ಒಡಲು ಬೆನ್ನುಮೂಳೆಯ ಪಕ್ಕದಲ್ಲಿರುತ್ತದೆ. ಅದರ ಎಳೆ ಅಲ್ಲಿಂದ ಸುಮಾರು ಒಂದು ಮೀಟರ್ ಕೆಳಗೆ ಇಳಿದಿರುತ್ತದೆ. ಎಳೆಗೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ಆ ಒಡಲಿನಿಂದಲೇ ಸಾಗಿ ಬರಬೇಕು. ಸಾಗಣೆ ಕುಂದಿದರೆ ಕಾಲುವೆಯ ಕೊನೆಯ ಹೊಲ ಮೊದಲು ಒಣಗುವಂತೆ ಬೆರಳ ತುದಿ ಮೊದಲು ಕೆಡುತ್ತದೆ. ಅಲ್ಲಿಂದ ತೊಂದರೆ ಎರಡೂ ಕಾಲುಗಳಲ್ಲಿ ಸಮವಾಗಿ, ಕಾಲುಚೀಲ ಏರಿಸಿದ ಹಾಗೆ, ಮೇಲಕ್ಕೆ ಹಬ್ಬುತ್ತದೆ. ಸಾಯುತ್ತಿರುವ ನರ ಸುಳ್ಳು ಸುದ್ದಿ ಕಳಿಸುತ್ತದೆ, ಅದೇ ಉರಿ. ಪೂರ್ತಿ ಸತ್ತ ನರ ಏನನ್ನೂ ಕಳಿಸುವುದಿಲ್ಲ. ಚಿಕಿತ್ಸೆಯಿಲ್ಲದೆ ಉರಿ ತಾನಾಗಿ ನಿಂತಿತೆಂದರೆ ರೋಗ ವಾಸಿಯಾಗಿರುವುದಕ್ಕಿಂತ ಮುಂದುವರಿದಿರುವ ಸಂಭವವೇ ಹೆಚ್ಚು. ನಡೆಯುತ್ತಿರುವಾಗ ಚಪ್ಪಲಿ ಕಾಲಿನಿಂದ ಜಾರಿಹೋದದ್ದು ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗುವುದು ಈ ಹಂತದ ಗುರುತು.

ಕಾರಣಗಳಲ್ಲಿ ಮೊದಲನೆಯದು ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಕಾಲು ಉರಿಯೆಂದು ಬಂದವರಲ್ಲಿ ಸಕ್ಕರೆ ಬ್ಯಾನಿ ಇರುವುದು ಅಂದೇ ಮೊದಲ ಸಲ ಗೊತ್ತಾಗುವುದೂ ಉಂಟು. ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಏರುವುದಿಲ್ಲವೆಂಬ ಈ ಭಾಗದ ನಂಬಿಕೆ ಅರ್ಧ ಮಾತ್ರ ನಿಜ: ಜೋಳದಲ್ಲಿ ನಾರಿನಂಶ ಹೆಚ್ಚಿದೆ, ಪಿಷ್ಟವೂ ಸಾಕಷ್ಟಿದೆ.

ಎರಡನೆಯದು ಬಿ12 ಜೀವಸತ್ವದ ಕೊರತೆ. ಇದು ಪ್ರಾಣಿಜನ್ಯ ಆಹಾರದಲ್ಲಷ್ಟೇ ಸಿಗುವಂಥದ್ದು. ಶರಣರ ಕಲ್ಯಾಣದ ಸುತ್ತಮುತ್ತ ಮಾಂಸ ಮುಟ್ಟದ ಮನೆತನಗಳು ಬಹಳ. ಅವರಿಗೆ ಹಾಲು, ಮೊಸರು, ಮಜ್ಜಿಗೆಯೇ ಬಿ12ರ ಮೂಲ. ವಯಸ್ಸಾದವರು ಹಾಲು ಬಿಟ್ಟು ಕಪ್ಪು ಚಹಾಕ್ಕೆ ಇಳಿದರೆ ಯಕೃತ್ತಿನಲ್ಲಿ ವರ್ಷಗಟ್ಟಲೆ ಉಳಿದಿದ್ದ ದಾಸ್ತಾನು ನಿಧಾನವಾಗಿ ಮುಗಿಯುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡರೂ ಬಿ12 ಇಳಿಯಬಹುದು. ಸಸ್ಯಾಹಾರಿ ಮಧುಮೇಹಿಯ ಕಾಲು ಉರಿದರೆ ಸಕ್ಕರೆಯ ಮೇಲಷ್ಟೇ ತಪ್ಪು ಹೊರಿಸಿ ಕೂರಬಾರದು. ಎರಡು ಕಾರಣಗಳಲ್ಲಿ ಪೂರ್ತಿ ಸರಿಪಡಿಸಲು ಹೆಚ್ಚು ಅವಕಾಶವಿರುವುದು ಬಿ12ರದೇ, ಅದೂ ಬೇಗ ಹಿಡಿದರೆ.

ಮೂರನೆಯದು ಕುಷ್ಠರೋಗ. ಅದನ್ನು ವೈದ್ಯರೂ ಮರೆಯುತ್ತಿರುವ ಕಾಲವಿದು. 2005ರ ಕೊನೆಗೆ ಅದು ರಾಷ್ಟ್ರಮಟ್ಟದಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಸಾರಲಾಯಿತು. ರೋಗಿಗಳೇ ಇಲ್ಲವೆಂದು ಅದರ ಅರ್ಥವಲ್ಲ. ಒಂದೇ ಕಾಲಿನಲ್ಲಿ ಜೋಮು, ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ, ಒಳಗಿನ ಹರಡಿನ ಹಿಂದೆ ಅಥವಾ ಮೊಣಕಾಲಿನ ಹೊರಬದಿಯಲ್ಲಿ ಹಗ್ಗದಂತೆ ಕೈಗೆ ಸಿಗುವ ದಪ್ಪ ನರ ಕಂಡರೆ ಇದನ್ನು ನೆನೆಯಬೇಕು. ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಬಿ6 ಜೀವಸತ್ವವನ್ನು ಕಡಿಮೆ ಮಾಡುವುದರಿಂದ ಅದರ ಜೊತೆಗೆ ಪಿರಿಡಾಕ್ಸಿನ್ ಮಾತ್ರೆ ಸೇರಿಸುತ್ತಾರೆ. ಅದನ್ನು ಬಿಟ್ಟವರ ಕಾಲು ಉರಿಯತೊಡಗಬಹುದು. ಮದ್ಯ, ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆ, ಕ್ಯಾನ್ಸರ್ ಔಷಧಗಳೂ ಪಟ್ಟಿಯಲ್ಲಿವೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಪತ್ತೆಯಾದ ಆರ್ಸೆನಿಕ್ ಕೂಡ ನರಗಳನ್ನು ಕೆಡಿಸುವ ವಿಷ. ಸೊಂಟದ ಡಿಸ್ಕ್ ಜಾರಿದ್ದರಿಂದ ಬರುವ ನೋವು ಬೇರೆ ಜಾತಿಯದು. ಅದು ಸಾಮಾನ್ಯವಾಗಿ ಒಂದು ಬದಿಯಲ್ಲಿ, ಸೊಂಟದಿಂದ ಕೆಳಕ್ಕೆ ಎಳೆಯುತ್ತದೆ.

ಪಾದದ ಉರಿಯ ಇತಿಹಾಸ ಹಳೆಯದು. ಸುಶ್ರುತಸಂಹಿತೆಯ ವಾತವ್ಯಾಧಿ ಪ್ರಕರಣದಲ್ಲಿ ಪಾದದಾಹ, ಪಾದಹರ್ಷ ಎಂದು ಎರಡು ಬೇರೆ ಬೇರೆ ಸ್ಥಿತಿಗಳಿವೆ: ಒಂದರಲ್ಲಿ ಉರಿ, ಇನ್ನೊಂದರಲ್ಲಿ ಜುಮುಗುಟ್ಟುವಿಕೆ ಮತ್ತು ಮರಗಟ್ಟುವಿಕೆ. 1826ರಲ್ಲಿ ಗ್ರಿಯರ್ಸನ್ ಎಂಬ ವೈದ್ಯ ಪಾದದ ಉರಿಯನ್ನು ಕಲ್ಕತ್ತೆಯ ವೈದ್ಯಕೀಯ ಪತ್ರಿಕೆಯಲ್ಲಿ ವರ್ಣಿಸಿದ. 1946ರಲ್ಲಿ ಪೋಷಣಾ ವಿಜ್ಞಾನಿ ಸಿ. ಗೋಪಾಲನ್, ಬಡ ಆಹಾರದವರ ಅಂಗಾಲಿನ ಉರಿ ಬಿ ಗುಂಪಿನ ಜೀವಸತ್ವವಾದ ಪ್ಯಾಂಟೊಥೆನಿಕ್ ಆಮ್ಲದಿಂದ ಶಮನವಾದುದನ್ನು ವರದಿ ಮಾಡಿದರು. ಅದೇ ಗೋಪಾಲನ್ ಮುಂದೆ ಹೈದರಾಬಾದಿನಲ್ಲಿ ಎಸ್. ಜಿ. ಶ್ರೀಕಂಠಯ್ಯ ಅವರೊಡನೆ ಸೇರಿ, ದಖನಿನಲ್ಲಿ ಜೋಳವನ್ನೇ ನೆಚ್ಚಿದ ಬಡವರಿಗೆ ನಿಯಾಸಿನ್ ಜೀವಸತ್ವದ ಕೊರತೆಯ ಪೆಲ್ಲಾಗ್ರ ರೋಗ ಬರುವುದೇಕೆಂದು ಹುಡುಕಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ನಿಯಾಸಿನ್ ಬಳಕೆಗೆ ಅಡ್ಡಿಯಾಗುತ್ತದೆಂಬ ಅವರ ವಾದ 1960ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಮೇಲೆ ಅದಕ್ಕೆ ಆಕ್ಷೇಪಗಳೂ ಬಂದವು. ಪೆಲ್ಲಾಗ್ರದಲ್ಲಿ ಚರ್ಮ, ಹೊಟ್ಟೆ, ಮನಸ್ಸಿನ ಜೊತೆಗೆ ನರಗಳೂ ಕೆಡುತ್ತವೆ. ತಪ್ಪು ರೊಟ್ಟಿಯದಲ್ಲ, ರೊಟ್ಟಿಯ ಜೊತೆಗೆ ಇನ್ನೇನೂ ಇಲ್ಲದ ಬಡತನದ್ದು. ಇಂದು ಬೇಳೆ, ಪಲ್ಲೆ, ಮೊಸರಿನ ಸಂಗಡ ಎರಡು ಹೊತ್ತು ರೊಟ್ಟಿ ತಿನ್ನುವವರು ಅದಕ್ಕಾಗಿ ಹೆದರಬೇಕಾಗಿಲ್ಲ.

ಪರೀಕ್ಷೆ ಸರಳ, ದೊಡ್ಡ ಯಂತ್ರಕ್ಕಾಗಿ ಊರು ಬಿಡಬೇಕಿಲ್ಲ. ರೋಗಿ ಕಣ್ಣು ಮುಚ್ಚಿರುತ್ತಾನೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಒಂದೊಂದು ಕಡೆ, ಅದು ಬಾಗುವಷ್ಟೇ ಒತ್ತಿ, ತಗುಲಿತೇ ಎಂದು ಕೇಳುತ್ತಾರೆ. 128 ಹರ್ಟ್ಜ್ ಶ್ರುತಿಕವೆಯನ್ನು ಬಡಿದು ಹೆಬ್ಬೆರಳಿನ ಮೂಳೆಗೆ ಇಟ್ಟು ನಡುಕ ತಿಳಿಯುತ್ತದೆಯೇ ನೋಡುತ್ತಾರೆ. ರಕ್ತದಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ, ಬಿ12, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅಳೆಯುತ್ತಾರೆ. ಇಷ್ಟು ತಾಲ್ಲೂಕು ಮಟ್ಟದಲ್ಲೇ ಬಹುಪಾಲು ಕಾರಣ ಹೇಳಿಬಿಡುತ್ತದೆ. ವಿದ್ಯುತ್ ಹರಿಸಿ ನೋಡುವ ನರವಹನ ಪರೀಕ್ಷೆ ದಪ್ಪ ನರಗಳನ್ನಷ್ಟೇ ಅಳೆಯುತ್ತದೆ. ಉರಿಯನ್ನು ಒಯ್ಯುವುದು ಸಣ್ಣ ನರಗಳಾದ್ದರಿಂದ ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ರೋಗಿ ಸುಳ್ಳು ಹೇಳುತ್ತಿದ್ದಾನೆಂದು ಅರ್ಥವಲ್ಲ.

ನರರೋಗ ತಜ್ಞರು ಬೇಕಾದಾಗ ಇಲ್ಲಿನ ಜನರ ಮುಂದೆ ಹಲವು ದಾರಿಗಳಿವೆ: ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಕಲಬುರಗಿಯ ವೈದ್ಯಕೀಯ ಕಾಲೇಜುಗಳು, ಸೊಲ್ಲಾಪುರ, ಹೈದರಾಬಾದಿನ ನಿಮ್ಸ್ ಆಸ್ಪತ್ರೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆಯಾದ್ದರಿಂದ, ಮೇಲಾಗಿ ಪುಣೆ–ಹೈದರಾಬಾದ್ ಹೆದ್ದಾರಿ ಬಾಗಿಲಲ್ಲೇ ಹಾದುಹೋಗುವುದರಿಂದ, ದೊಡ್ಡ ಕಾಯಿಲೆ ಎಂದೊಡನೆ ಜನ ಹೈದರಾಬಾದ್ ಬಸ್ಸು ಹತ್ತುತ್ತಾರೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದ ಮೇಲೆ ಹುಮನಾಬಾದಿನವರಿಗೆ ಕಲಬುರಗಿಯೂ ಸುಲಭವಾಗಿದೆ. ಆದರೆ ಈ ಕಾಯಿಲೆಗೆ ಒಂದು ದೊಡ್ಡ ಪ್ರಯಾಣಕ್ಕಿಂತ ಹತ್ತಿರದ ಒಬ್ಬ ವೈದ್ಯರಲ್ಲಿ ಮೇಲಿಂದ ಮೇಲೆ ತೋರಿಸಿಕೊಳ್ಳುವುದು ಹೆಚ್ಚು ಪ್ರಯೋಜನಕರ. ತಾಲ್ಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ ಇರುವುದು ಇದಕ್ಕೇ.

ಡೈಕ್ಲೋಫೆನಾಕ್‌ನಂಥ ಮಾಮೂಲಿ ನೋವಿನ ಗುಳಿಗೆ ನರನೋವಿಗೆ ಅಷ್ಟಾಗಿ ತಾಗುವುದಿಲ್ಲ. ಮಧುಮೇಹಿಯ ಮೂತ್ರಪಿಂಡಕ್ಕೆ ಅದರಿಂದ ಕೇಡೇ ಹೆಚ್ಚು. ಕೆಲಸ ಮಾಡುವುದು ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್. ಮೊದಲಿನವೆರಡು ಮನೋರೋಗದ ಔಷಧಗಳೆಂದು ಅಂಗಡಿಯಲ್ಲಿ ತಿಳಿದು ‘ನನಗೇನು ಹುಚ್ಚೇ’ ಎಂದು ಬಿಡುವವರುಂಟು. ಇಲ್ಲಿ ಅವು ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಗ್ಗಿಸಲು ಕೊಡುವಂಥವು. 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಪ್ರಿಗ್ಯಾಬಲಿನ್‌ಗಳಲ್ಲಿ ಯಾವುದರಿಂದ ಶುರುಮಾಡಿದರೂ ಫಲ ಹೆಚ್ಚುಕಡಿಮೆ ಒಂದೇ ಎಂದು ಕಂಡಿತು. ಒಂದು ಸಾಲದಾಗ ಇನ್ನೊಂದನ್ನು ಸೇರಿಸಿದರೆ ಲಾಭವಾಯಿತು. ಸಣ್ಣ ಪ್ರಮಾಣದಿಂದ ಆರಂಭಿಸಿ ವಾರಗಳಲ್ಲಿ ಏರಿಸಬೇಕು. ನಿದ್ದೆಮಂಪರು, ತಲೆಸುತ್ತು, ಕಾಲುಬಾವು ಬರಬಹುದು. ಪ್ರಾಸ್ಟೇಟ್ ಅಥವಾ ಹೃದಯದ ತೊಂದರೆ ಇರುವ ವೃದ್ಧರಿಗೆ ಅಮಿಟ್ರಿಪ್ಟಿಲಿನ್ ಕೊಡುವಾಗ ಎಚ್ಚರ ಬೇಕು. ನೋವು ಅರ್ಧಕ್ಕೆ ಇಳಿದರೆ ಅದು ಒಳ್ಳೆಯ ಫಲ. ಸೊನ್ನೆಗೆ ಇಳಿಯುತ್ತದೆಂದು ಭರವಸೆ ಕೊಡುವವರನ್ನು ನಂಬದಿರುವುದು ಲೇಸು. ಬಹುಕಾಲ ಏರಿದ್ದ ಸಕ್ಕರೆಯನ್ನು ಥಟ್ಟನೆ ಇಳಿಸಿದಾಗಲೂ ಕೆಲಕಾಲ ಉರಿ ಹೆಚ್ಚಬಹುದು. ಇನ್ಸುಲಿನ್ ತಾಗಲಿಲ್ಲವೆಂದು ನಿಲ್ಲಿಸುವ ಮೊದಲು ಇದನ್ನು ತಿಳಿದಿರಬೇಕು. ‘ನರದ ಇಂಜೆಕ್ಷನ್’ ಎಂದು ಕೇಳಿ ಹಾಕಿಸಿಕೊಳ್ಳುವ ಕೆಂಪು ಸೂಜಿ ಹೆಚ್ಚಾಗಿ ಬಿ12ದು. ಕೊರತೆ ಇದ್ದವರಿಗೆ ಅದು ಅಮೃತ, ಇಲ್ಲದವರಿಗೆ ಖರ್ಚು. ರಕ್ತ ಪರೀಕ್ಷೆಗೆ ಮುಂಚೆ ಚುಚ್ಚಿಸಿಕೊಂಡರೆ ಕೊರತೆ ಇತ್ತೋ ಇಲ್ಲವೋ ತಿಳಿಯುವ ದಾರಿಯೂ ಮುಚ್ಚುತ್ತದೆ.

ಮನೆಮದ್ದುಗಳಲ್ಲಿ ಅಂಗಾಲಿಗೆ ಮೆಹಂದಿ ಮೆತ್ತುವುದು, ಔಡಲೆಣ್ಣೆ ತಿಕ್ಕುವುದು, ಕಂಚಿನ ಬಟ್ಟಲಿಗೆ ತುಪ್ಪ ಸವರಿ ಉಜ್ಜುವುದು ಬಳಕೆಯಲ್ಲಿವೆ. ಹಾಯೆನಿಸುತ್ತದೆ, ಹಾನಿ ಕಡಿಮೆ. ಕುದಿನೀರಲ್ಲಿ ಕಾಲಿಡುವುದು, ಬಿಸಿ ಇಟ್ಟಿಗೆಯ ಶಾಖ, ಬ್ಲೇಡಿನಿಂದ ಆಣಿ ಕೊಯ್ಯುವುದು ಮಾತ್ರ ಅಪಾಯ. ಮರಗಟ್ಟಿದ ಪಾದಕ್ಕೆ ಸುಟ್ಟದ್ದೂ ತಿಳಿಯದು, ಕೊಯ್ದದ್ದೂ ತಿಳಿಯದು. ಪಾದರಸ, ಸೀಸ, ಆರ್ಸೆನಿಕ್ ಬೆರೆತ ಹೆಸರಿಲ್ಲದ ಭಸ್ಮಗಳು ನರವನ್ನೇ ಕೊಲ್ಲಬಲ್ಲವು.

ಮರಗಟ್ಟಿದ ಪಾದಕ್ಕೆ ಮನೆಯ ಹೊರಗೂ ಅಪಾಯಗಳಿವೆ. ಹೊಲದಲ್ಲಿ ಕೊಯ್ದ ತೊಗರಿಯ ಕೂಳೆ ತೆಳ್ಳನೆಯ ಚಪ್ಪಲಿಯನ್ನು ತೂತು ಮಾಡುತ್ತದೆ. ಬಸವ ಜಯಂತಿ ಬರುವುದೂ ಬಿಸಿಲು ಉರಿಯುವ ದಿನಗಳಲ್ಲೇ. ಬಸವಕಲ್ಯಾಣದ ಗುಡಿ, ದರ್ಗಾಗಳಲ್ಲಾಗಲಿ ಹುಮನಾಬಾದಿನ ವೀರಭದ್ರೇಶ್ವರ ಗುಡಿ, ಮಾಣಿಕನಗರದಲ್ಲಾಗಲಿ ಚಪ್ಪಲಿ ಬಿಡಲೇಬೇಕು. ಸ್ಪರ್ಶ ಕಳೆದುಕೊಂಡವರು ದಪ್ಪ ಹತ್ತಿ ಕಾಲುಚೀಲ ಹಾಕಿಕೊಂಡು, ನೆಲ ಕಾಯುವ ಮೊದಲೇ ಬೆಳಗಿನ ಹೊತ್ತು ದರ್ಶನ ಮುಗಿಸುವುದು ಒಳಿತು. 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ನಡುವೆ ದುಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಪಾದ ಕೊಳೆಯುವುದು ರೋಗದಿಂದಲ್ಲ, ನೋವು ತಿಳಿಯದೆ ಆಗುವ ಗಾಯದಿಂದ ಎಂದು ತೋರಿಸಿದರು. ಅಲ್ಲಿ ರೂಪುಗೊಂಡ ಎಂ.ಸಿ.ಆರ್. (ಮೈಕ್ರೊಸೆಲ್ಯುಲಾರ್) ರಬ್ಬರಿನ ಮೆತ್ತನೆಯ ಅಟ್ಟೆಯ ಚಪ್ಪಲಿ ಈಗ ಮಧುಮೇಹಿಗಳಿಗೂ ಬಂದಿದೆ. ಬೆರಳ ಸಂದಿಗೆ ಉಂಗುಷ್ಠವಿಲ್ಲದ, ಹಿಂದೆ ಪಟ್ಟಿಯಿರುವ ಜೋಡನ್ನು ಆರಿಸಿ, ಪಾದ ಊದಿರುವ ಸಂಜೆಯ ಹೊತ್ತಿನಲ್ಲಿ ಅಳತೆ ನೋಡಿ ಕೊಳ್ಳಬೇಕು. ನೋವಿಲ್ಲದ ಹುಣ್ಣು, ಕಪ್ಪಾದ ಬೆರಳು, ಒಂದೇ ಪಾದ ಕೆಂಪಾಗಿ ಬಿಸಿಯಾಗಿ ಊದುವುದು, ಕೆಲವೇ ದಿನಗಳಲ್ಲಿ ಕಾಲು ಎತ್ತಲಾಗದಷ್ಟು ನಿಶ್ಶಕ್ತಿ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.